ಬೆನ್ನ ಮೇಲೆ ನಮ್ಮ ಮನೆತನದ ಹೆಸರು

ಸೇಲಂನ ಕನ್ನಡದ ನೇಕಾರ ಬೀದಿಗಳಲ್ಲಿ ನಮ್ಮ ಮನೆತನದ ಹೆಸರು ಹೇಳಿದರೆ "ಯಾವ ಮನೆ?" ಎಂದು ಯಾರೂ ತಿರುಗಿ ಕೇಳುವುದಿಲ್ಲ. ನಮ್ಮ ಮಾವನವರ ತಂದೆ ನೇಯಿಸಿದ ರೇಷ್ಮೆ ಪಂಚೆ ಉಟ್ಟು ಈ ಊರಿನ ಅರ್ಧ ಗಂಡಸರು ಮದುವೆಯಾದರು. ಮಿಕ್ಕರ್ಧ ಜನ ಅವರ ಹತ್ತಿರ ಅದನ್ನೇ ಎರವಲು ಪಡೆದು ಮದುವೆಯಾದರು. ನಮ್ಮ ಮಾವನವರು ಯಾರೊಂದಿಗೂ ಜಗಳವಾಡಿದವರಲ್ಲ, ಬೀದಿಯಲ್ಲಿ ನಿಂತು ಜೋರಾಗಿ ನಕ್ಕವರೂ ಅಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದವಳು, ಕಾನ್ವೆಂಟಿನಲ್ಲಿ ಓದಿದವಳು. ನೆಟ್ಟಗೆ ಕೂರುತ್ತೇನೆ, ಹೇಳಿದ ಹೊತ್ತಿಗೆ ಬರುತ್ತೇನೆ. ಇಂಥವಳನ್ನೇ ಹುಡುಕಿಕೊಂಡು ನಗೆಪಾಟಲಿನ ಪ್ರಸಂಗಗಳು ಯಾಕೆ ಬರುತ್ತವೋ, ದೇವರೇ ಬಲ್ಲ.

ಈಗಿನ ಪ್ರಸಂಗಗಳೆಲ್ಲ ನಮ್ಮ ಬಡಾವಣೆಯ ಪಾರ್ಕಿನಿಂದ ಬಂದವು. ಅಲ್ಲಿ ನಾಲ್ಕು ಜನ ಕೆಲಸ ಮಾಡುತ್ತಾರೆ: ಒಬ್ಬ ವಾಚ್‌ಮನ್, ಒಬ್ಬ ಮಾಲಿ, ಮಕ್ಕಳ ಉಯ್ಯಾಲೆ ನೋಡಿಕೊಳ್ಳುವ ಒಬ್ಬಳು, ಗುಡಿಸುವ ಇನ್ನೊಬ್ಬಳು. ನಾಲ್ವರೂ ದಿನಗೂಲಿಯವರು. ಹೊಸದಾಗಿ ಬಂದ ಅಧಿಕಾರಿಯೊಬ್ಬರು, "ಇವರಿಗೆ ತರಬೇತಿಯೇ ಇಲ್ಲ. ಪಾರ್ಕನ್ನು ಕಂಟ್ರಾಕ್ಟಿಗೆ ಕೊಡುತ್ತೇನೆ. ಕಂಟ್ರಾಕ್ಟರ್ ತನ್ನ ಜನರನ್ನು ತರುತ್ತಾನೆ" ಎಂದುಬಿಟ್ಟರು. ಪಾರ್ಕಿನ ಸೇವಾ ಸಂಘಕ್ಕೆ ನಾನು ಅಧ್ಯಕ್ಷೆ. "ತರಬೇತಿ ನಾವು ಕೊಡಿಸುತ್ತೇವೆ" ಎಂದೆ. ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೊಡಿಸಿ. ನನ್ನ ಕಣ್ಣೆದುರು ಮಾಡಿ ತೋರಿಸಲಿ. ಆಮೇಲೆ ನೋಡೋಣ" ಎಂದರು.

ನಾಲ್ಕು ಮನೆಯ ಒಲೆ ಈ ಮಾತಿನ ಮೇಲೆ ನಿಂತಿತು.

ಗೇಟಿನಲ್ಲಿ ತಟ್ಟುವಡೆ

ತರಬೇತಿಗೆ ಹಣ ಬೇಕಲ್ಲ. ಸಂಘದ ಹೆಂಗಸರೆಲ್ಲ ಸೇರಿ ಪಾರ್ಕಿನಲ್ಲಿ ಒಂದು ಭಾನುವಾರ ತಿಂಡಿ ಮಾರುವುದೆಂದು ತೀರ್ಮಾನವಾಯಿತು. ಒಬ್ಬೊಬ್ಬರು ಒಂದೊಂದು ಬಗೆ ಮಾಡಿಕೊಂಡು ಬನ್ನಿ ಎಂದು ನಾನು ಸ್ಪಷ್ಟವಾಗಿ ಹೇಳಿದ್ದೆ. ಎಲ್ಲರೂ ಎರಡು ಗರಿಗರಿ ವಡೆಗಳ ನಡುವೆ ಚಟ್ನಿ, ತರಕಾರಿ ಇಟ್ಟ ತಟ್ಟುವಡೆ ಸೆಟ್ಟನ್ನೇ ತಂದರು. ಸೇಲಂನವರಿಗೆ ಬೇರೆ ತಿಂಡಿ ಕಣ್ಣಿಗೆ ಕಾಣುವುದಿಲ್ಲ. ಹೋಗಲಿ ಎಂದು ಡಬ್ಬಿಗಳನ್ನು ಹೊತ್ತು ಗೇಟಿಗೆ ಹೋದರೆ ವಾಚ್‌ಮನ್ ಕೋಲು ಅಡ್ಡ ಹಿಡಿದ.

"ಅಮ್ಮಾ, ತಿಂಡಿ ಒಳೀಕೆ ಬಿಡಾಕಿಲ್ಲ."

"ಇದು ಪಾರ್ಕಿಗೋಸ್ಕರ ಮಾರುವ ತಿಂಡಿ."

"ಆಗ್ಬೌದು. ಬೋರ್ಡಲ್ಲಿ ಅಂಗ್ ಬರ್ದಿಲ್ಲ."

"ಆ ಬೋರ್ಡು ಹಾಕಿಸಿದವಳು ನಾನು."

"ಅದ್ಕೇ ಅಮ್ಮಾ ಭಯ. ಇವತ್ತು ಬಿಟ್ರೆ ನಾಳೆ ನೀವೇ ಬಂದು ಬೈತೀರಾ."

ಗೇಟಿನ ಹೊರಗೆ, ಬಸ್ ಸ್ಟಾಪಿನ ಪಕ್ಕದಲ್ಲಿ, ಫುಟ್‌ಪಾತಿನ ಮೇಲೆ ನಿಂತು ನಾನು ತಟ್ಟುವಡೆ ಮಾರಿದೆ. ನಮ್ಮ ಮನೆತನದಲ್ಲಿ ಬೀದಿಯಲ್ಲಿ ನಿಂತು ವ್ಯಾಪಾರ ಮಾಡಿದವಳು ನಾನೇ ಮೊದಲು. ಬಸ್ಸಿಗೆ ಕಾದಿದ್ದವರೆಲ್ಲ ಮುತ್ತಿಕೊಂಡರು, ನೋಡನೋಡುತ್ತಿದ್ದಂತೆ ಡಬ್ಬಿಗಳು ಖಾಲಿಯಾದವು. ನಮ್ಮ ಸಂಘದ ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಜನವೇ, ಮಾತಿನ ನಡುವೆ ತಮಿಳು ಬರುತ್ತದೆ. ಖುಷಿಯಿಂದ ಕೈ ಒರೆಸಿಕೊಳ್ಳುತ್ತಾ, "ವಾಚ್‌ಮನ್ ಮಾಡಿದ್ದೇ ನಲ್ಲದು ಮೇಡಂ, ಒಳ್ಳೇದೇ ಆಯ್ತು. ಒಳಗೆ ಬಿಟ್ಟಿದ್ರೆ ಎಲ್ಲಾ ನಾವೇ ತಿಂದ್ಬಿಡ್ತಿದ್ವಿ" ಎಂದರು.

ತಲೆಯ ಒಳಗೆ ಹೆಸರು ಬರೆಯುವುದು ಹೇಗೆ?

ವಡೆಯ ಹಣ ಸಾಲಲಿಲ್ಲ. ಅಂಗಡಿಯವರನ್ನು ಕೇಳಲು ಹೊರಟೆವು. ನಮ್ಮ ಕಡೆ ಯಾವ ಗುಡಿಗೆ ಹೋದರೂ ಟ್ಯೂಬ್‌ಲೈಟಿನ ಮೇಲೆ "ಉಬಯಂ", ಅಂದರೆ ಕಾಣಿಕೆ, ಎಂದು ಬರೆದು, ಕೊಟ್ಟವರ ಹೆಸರು, ತಂದೆಯ ಹೆಸರು, ಅಂಗಡಿಯ ಹೆಸರು ಎಲ್ಲ ಬರೆದಿರುತ್ತಾರೆ. ಮಿಕ್ಕ ಜಾಗದಲ್ಲಿ ಸ್ವಲ್ಪ ಬೆಳಕು ಬರುತ್ತದೆ. ಈ ಅಭ್ಯಾಸ ನಮಗೆ ಅಡ್ಡ ಬಂತು.

ಪಾತ್ರೆ ಅಂಗಡಿಯವರು ಕಾಫಿ ಕೊಟ್ಟು ಉಪಚಾರ ಮಾಡಿದರು. ವಿಷಯ ಕೇಳಿ ತಲೆ ಅಲ್ಲಾಡಿಸಿದರು. "ಬೆಂಚ್ ಕೇಳಿ, ಕೊಡ್ತೀನಿ. ಒರಗೋ ಕಡೆ ಎಸ್ರು ಬರ್ಸಿ. ಫ್ಯಾನ್ ಕೇಳಿ, ರೆಕ್ಕೆ ಮ್ಯಾಲೆ ಬರ್ಸಿ. ಟ್ರೈನಿಂಗ್ ಅಂದ್ರೆ ಅವ್ನ ತಲೆ ಒಳೀಕೆ ಓಗೋದು. ತಲೆ ಒಳೀಕೆ ನನ್ನ ಎಸ್ರು ಎಂಗಮ್ಮಾ ಬರೀತೀರಾ?"

ಕಾನ್ವೆಂಟಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಕಾರ್ಯದರ್ಶಿಯವರೇ, "ತಲೆ ಒಳಗೆ ಮುಡಿಯಾದು, ಆಗಲ್ಲ ಅಂದ್ರೆ ಮೈಮೇಲೆ ಬರೆಯೋಣ" ಎಂದು ದಾರಿ ಹುಡುಕಿದರು. ನಾಲ್ವರಿಗೂ ತಿರುಪ್ಪೂರಿನಿಂದ ಟೀ ಶರ್ಟು (ಹೆಂಗಸರಿಗೆ ಸೀರೆಯ ಮೇಲೆ), ಕೊಟ್ಟವರ ಹೆಸರು ಶರ್ಟಿನ ಮೇಲೆ. ಎದೆ ಪಾತ್ರೆ ಅಂಗಡಿಗೆ ಹೋಯಿತು. ಎಡತೋಳು ಮಿಠಾಯಿ ಅಂಗಡಿಗೆ, ಬಲತೋಳು ಔಷಧಿ ಅಂಗಡಿಗೆ. ಬೆನ್ನನ್ನು, ನಾಲ್ಕು ಜನಕ್ಕೆ ಮಾದರಿಯಾಗಿರಲಿ ಎಂದು, ತೀರಿಹೋದ ಮಾವನವರ ನೆನಪಿಗೆ ನಾನೇ ತೆಗೆದುಕೊಂಡೆ. ಮಾವನವರ ಹೆಸರನ್ನು ಪೂರ್ತಿ ಹಾಕಿಸಿ ಎಂದು ಕಾರ್ಯದರ್ಶಿಯವರಿಗೆ ಹೇಳಿದ್ದೆ. ಶರ್ಟು ಬಂದ ಮೇಲೆ ನೋಡಿದರೆ ದೊಡ್ಡ ಅಕ್ಷರಗಳಲ್ಲಿ ನಮ್ಮ ಮನೆತನದ ಹೆಸರು, ಅದರ ಕೆಳಗೆ "ದಿವಂಗತರ ನೆನಪಿಗಾಗಿ". ದಿವಂಗತರು ಯಾರೆಂದು ಇಲ್ಲ. ಕೇಳಿದರೆ, ಜಾಗ ಸಾಲಲಿಲ್ಲವಂತೆ. ಇದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಮಾಲಿ ಪಾಲಮಲೆ ಬೆಟ್ಟದವನು, ಮಾತು ಕಡಿಮೆ. ಶರ್ಟು ಹಾಕಿಕೊಂಡು ತನ್ನನ್ನೇ ಹಿಂದೆ ಮುಂದೆ ನೋಡಿಕೊಂಡ. "ಮುಂದ್ಗಡೆ ಪಾತ್ರೆ, ಇಂದ್ಗಡೆ ನಿಮ್ ಮಾವ, ಕೈಗೆ ಲಾಡು, ಮಾತ್ರೆ. ನಾ ಎಲ್ಲಿವ್ನಿ ಅಮ್ಮಾ?"

ತಿರುಪ್ಪೂರಿನವರು ಒಂದು ಶರ್ಟನ್ನು ಹೆಚ್ಚಾಗಿ ಕಳಿಸಿದ್ದರು. ಅದನ್ನು ನಮ್ಮ ಯಜಮಾನರು ಎತ್ತಿಕೊಂಡರು. ಮೈಗೆ ತಂಪಾಗಿದೆಯಂತೆ. ಅಂದಿನಿಂದ ವಾಕಿಂಗಿಗೆ ಅದೇ, ತಂಗಿಯ ಮನೆಗೆ ಹೋಗುವಾಗಲೂ ಅದೇ. "ದಿವಂಗತರು ಎಂದು ಬರೆದುಕೊಂಡು ಓಡಾಡಬೇಡಿ" ಎಂದು ಎಷ್ಟು ಹೇಳಿದರೂ, "ಬೆನ್ನು ನಂಗೆಲ್ಲಿ ಕಾಣ್ತೈತೆ? ನೋಡೋರು ನೋಡ್ಕೊಳ್ಲಿ ಬುಡು" ಎನ್ನುತ್ತಿದ್ದರು.

ತೊಪ್ಪೂರು ಘಾಟಿಯಲ್ಲಿ

ತರಬೇತಿ ಧರ್ಮಪುರಿಯಲ್ಲಿತ್ತು. ನಾಲ್ವರನ್ನೂ ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋದೆ. ತೊಪ್ಪೂರಿನ ತಿರುವುಗಳಲ್ಲಿ ಗುಡಿಸುವವಳಿಗೆ ಹೊಟ್ಟೆ ತೊಳಸಿ ಕಣ್ಣಲ್ಲಿ ನೀರು ಸುರಿಯತೊಡಗಿತು. ಉಯ್ಯಾಲೆಯವಳು ಅವಳ ಬೆನ್ನು ಸವರುತ್ತಿದ್ದಳು. ಗಂಡಸರಿಬ್ಬರೂ ಏನೂ ತೋಚದೆ ತಲೆ ತಗ್ಗಿಸಿ ಕೂತಿದ್ದರು. ಕಂಡಕ್ಟರ್ ನಾಲ್ವರ ಬೆನ್ನನ್ನೂ ಓದಿದ. ಓದಿ, ಮಾಲಿಯ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ:

"ಎಪ್ಪೋ ಆಚ್ಚು?"

ಯಾವಾಗ ಆಯಿತು ಎಂದರೆ ಮಾಲಿ ನಿಜವನ್ನೇ ಹೇಳಿದ. "ಅದಾಗಿ ರೊಂಬ ವರ್ಸ ಆಯ್ತು."

ಕಂಡಕ್ಟರ್ ಎಲ್ಲರ ಕಡೆ ತಿರುಗಿದ. ಇಷ್ಟು ವರ್ಷವಾದ ಮೇಲೂ ಸತ್ತ ಯಜಮಾನನಿಗಾಗಿ ಹೀಗೆ ಅಳುವ ಕೆಲಸದವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಇಡೀ ಬಸ್ಸಿಗೆ ಕೇಳುವಂತೆ ತಮಿಳಿನಲ್ಲಿ ಹೇಳಿದ. ಆಮೇಲೆ, ಅವರೆಲ್ಲರ ಟಿಕೆಟ್ ಕೊಂಡು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದ ನನ್ನ ಕಡೆ ಕೈ ತೋರಿಸಿ, "ಕೂಲಿಯವರೇ ಹೀಗೆ ಕರಗಿಹೋಗಿದ್ದಾರೆ. ಮನೆಯವರನ್ನು ನೋಡಿ, ಮುಖದಲ್ಲಿ ಒಂದು ಹನಿ ದುಃಖವಿಲ್ಲ" ಎಂದ.

ಉಯ್ಯಾಲೆಯ ಮೇಲೆ ದೊಡ್ಡವರು

ಧರ್ಮಪುರಿಯಲ್ಲಿ ಅವರು ಕಲಿತ ಪಾಠಗಳಲ್ಲಿ ಮುಖ್ಯವಾದದ್ದು ಇದು: ಪಾರ್ಕಿಗೆ ಬಂದವರ ಮೇಲೆ ಕೂಗಾಡಬಾರದು. "ಇಳಿ", "ಹೋಗು", "ಮುಟ್ಟಬೇಡ" ಎನ್ನಬಾರದು. ನಗುತ್ತಾ ಒಂದು ಪ್ರಶ್ನೆ ಕೇಳಬೇಕು, ತಪ್ಪು ಅವರಿಗೇ ತಿಳಿಯಬೇಕು.

ಉಯ್ಯಾಲೆಯವಳ ಬಾಯಿ ಮೊದಲು ಹೇಗಿತ್ತೆಂದರೆ, ಅವಳು ಕೂಗಿದರೆ ಎದುರು ಬೀದಿಯ ಮಕ್ಕಳೂ ಇಳಿದುಬಿಡುತ್ತಿದ್ದರು. ತರಬೇತಿಯಿಂದ ಬಂದ ಮಾರನೆಯ ದಿನವೇ ಅವಳಿಗೆ ಪರೀಕ್ಷೆ ಬಂತು. ಮಕ್ಕಳ ಉಯ್ಯಾಲೆಯ ಮೇಲೆ ದಪ್ಪ ಮೈಯ ಒಬ್ಬರು, ಪ್ಯಾಂಟು ಶರ್ಟಿನವರು, ಕೂತು ಮೆಲ್ಲಗೆ ತೂಗಿಕೊಳ್ಳುತ್ತಿದ್ದರು. ಸರಪಳಿ ಕಿರ್ರೆನ್ನುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು, ಸೆರಗು ಸರಿಮಾಡಿಕೊಂಡು, ಹತ್ತಿರ ಹೋಗಿ, ನಕ್ಕು, ಕೇಳಿದಳು:

"ಸಾರ್, ಅಮ್ಮ ಜತೆ ಬಂದಿದೀರಾ?"

ಅವರು ಇಳಿದರು. ಇಳಿದು ಪ್ಯಾಂಟು ಒರೆಸಿಕೊಂಡಾಗ ನನಗೆ ಗುರುತು ಸಿಕ್ಕಿತು. ಹೇಳದೆ ಕೇಳದೆ ತಪಾಸಣೆಗೆ ಬಂದಿದ್ದ ಅದೇ ಅಧಿಕಾರಿ. ಸರಪಳಿ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದರಂತೆ. ನಾನು ಕ್ಷಮೆ ಕೇಳುವ ಮೊದಲೇ ಅವರು ಹೊರಟರು. ಗೇಟಿನಲ್ಲಿ ಮಾತ್ರ ಒಮ್ಮೆ ತಿರುಗಿ, "ಭಾನುವಾರ ಎಲ್ಲರ ಎದುರು ತೋರಿಸಿ. ಸರಿಯಾಗಿಲ್ಲದಿದ್ದರೆ ಸೋಮವಾರ ಕಂಟ್ರಾಕ್ಟರ್ ಬರುತ್ತಾನೆ" ಎಂದರು.

ಉಯ್ಯಾಲೆಯವಳು ಅಳುವುದಕ್ಕೆ ಶುರುಮಾಡಿದಳು. "ಬೈದಿದ್ರೇ ಚೆಂದಾಗಿತ್ತು ಅಮ್ಮಾ. ಬೈದ್ರೆ ಯಾರೂ ಕೋಪ ಮಾಡ್ಕೊತಿರ್ನಿಲ್ಲ."

ಮೌನ

ಭಾನುವಾರ ಪಾರ್ಕು ತುಂಬಿತು. ಅಧಿಕಾರಿ ವೇದಿಕೆಯ ಮೇಲೆ ಕೂತರು, ನಗಲಿಲ್ಲ. ಪ್ರಥಮ ಚಿಕಿತ್ಸೆಯ ಪ್ರದರ್ಶನ. ವಾಚ್‌ಮನ್ ಮರದಿಂದ ಬಿದ್ದವನಂತೆ ಮಕಾಡೆ ಮಲಗಬೇಕು. ಹೆಂಗಸರಿಬ್ಬರು ಜನರನ್ನು ದೂರ ನಿಲ್ಲಿಸಬೇಕು. ಮಾಲಿ ಸ್ಟ್ರೆಚರ್ ತರಬೇಕು. ಸ್ಟ್ರೆಚರಿಗೆ ಎತ್ತುವವರೆಗೆ ಯಾರು ಕರೆದರೂ ಅಲುಗಾಡಬಾರದು, ಕಣ್ಣು ಬಿಡಬಾರದು ಎಂದು ವಾಚ್‌ಮನ್‌ಗೆ ಧರ್ಮಪುರಿಯಲ್ಲಿ ಹೇಳಿದ್ದರು. ಅವನು ಮಲಗಿದ. ಮಾಲಿ ಸ್ಟ್ರೆಚರಿಗೆ ಓಡಿದ. ಅದನ್ನಿಟ್ಟ ಕೋಣೆಗೆ ಬೀಗ, ಬೀಗದ ಕೈ ಮಲಗಿದ್ದ ವಾಚ್‌ಮನ್‌ನ ಜೇಬಿನಲ್ಲಿ. ಮಾಲಿ ಬಾಗಿಲು ಒಡೆಯಲು ನಿಂತ.

ಅದೇ ಹೊತ್ತಿಗೆ ನಮ್ಮ ನಾದಿನಿ ಅದಿಯಮಾನ್‌ಕೋಟೆಯಿಂದ ಬಸ್ಸಿಳಿದು, ಹಲಸಿನ ಹಣ್ಣು ಹೊತ್ತುಕೊಂಡು ಗೇಟಿನೊಳಗೆ ಬಂದಳು. ಜನ ಸುತ್ತುಗಟ್ಟಿ ನಿಂತಿದ್ದಾರೆ. ನಡುವೆ, ಅವಳ ಅಣ್ಣನ ಹಾಗೆಯೇ ಬೋಳುತಲೆಯ, ದಪ್ಪ ಮೈಯ ಗಂಡಸು, ಅಣ್ಣ ದಿನವೂ ಹಾಕುವ ಅದೇ ಶರ್ಟು, ಬೆನ್ನ ಮೇಲೆ ನಮ್ಮ ಮನೆತನದ ಹೆಸರು, ಕೆಳಗೆ ದಿವಂಗತ. ಹಲಸಿನ ಹಣ್ಣು ಕೆಳಗೆ ಬಿತ್ತು.

"ಅಯ್ಯೋ ನಮ್ಮಣ್ಣಾ! ನನ್ನ ಬುಟ್ಟು ಓಗ್ಬುಟ್ಯಾ! ಅಲಸಿನ ಅಣ್ಣು ತಕ್ಕೊಂಡ್ ಬಾ ಅಂದ್ಯಲ್ಲಾ, ತಿನ್ನಾಕೆ ನೀನಿಲ್ವಲ್ಲಾ!"

ಉಯ್ಯಾಲೆಯವಳು ಪಾಠ ಮರೆಯಲಿಲ್ಲ. ಹತ್ತಿರ ಹೋಗಿ, ನಕ್ಕು, "ಅಕ್ಕಾ, ಒಸಿ ದೂರ ನಿಂತ್ಕೊಂಡು ಅಳ್ತೀರಾ?" ಎಂದಳು.

ನೇಕಾರ ಬೀದಿಯ ಹೆಂಗಸರು ಒಬ್ಬರ ಅಳು ಕೇಳಿದರೆ ಸುಮ್ಮನೆ ನಿಲ್ಲುವವರಲ್ಲ. ಕಾರಣ ಆಮೇಲೆ ಕೇಳುತ್ತಾರೆ. ಎದೆ ಬಡಿದುಕೊಂಡು ಅವರೂ ಸೇರಿದರು. ವೇದಿಕೆಯ ಮೇಲಿದ್ದ ಕಾರ್ಯದರ್ಶಿಯವರು ನಾದಿನಿಯನ್ನು ಗುರುತು ಹಿಡಿದು, ಅವಳು "ಅಣ್ಣಾ" ಎನ್ನುವುದನ್ನು ಕೇಳಿ, ಒಂದು ಮಾತು ವಿಚಾರಿಸದೆ ಮೈಕು ಎತ್ತಿಕೊಂಡರು. "ನಮ್ಮ ಅಧ್ಯಕ್ಷೆಯವರ ಯಜಮಾನರು ಈಗಷ್ಟೇ ನಮ್ಮನ್ನು ಅಗಲಿದ್ದಾರೆ. ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕು."

ಆಗ ನಾನು ವೇದಿಕೆಯ ಹಿಂದೆ ಕಾಫಿಯವನಿಗೆ ಲೋಟ ತೊಳೆಯುವುದು ಹೇಗೆಂದು ಹೇಳಿಕೊಡುತ್ತಿದ್ದೆ. ಲೋಟಗಳ ಸದ್ದಿನಲ್ಲಿ ಅಲ್ಲಿಗೆ ಅಳುವೂ ಕೇಳಿಸಲಿಲ್ಲ, ಮೈಕೂ ಕೇಳಿಸಲಿಲ್ಲ. ಈಚೆ ಬಂದು ನೋಡಿದರೆ ಅಧಿಕಾರಿಯಿಂದ ಹಿಡಿದು ಪಾರ್ಕಿಗೆ ಪಾರ್ಕೇ ತಲೆ ತಗ್ಗಿಸಿ ನಿಂತಿದೆ. ಯಾರೋ ದೊಡ್ಡ ಮನುಷ್ಯರು ಹೋಗಿರಬೇಕು ಎಂದುಕೊಂಡೆ. ಮೌನದ ನಡುವೆ ಮಾತಾಡುವುದು ಅಸಭ್ಯತನ. ನಾನೂ ತಲೆ ತಗ್ಗಿಸಿ ನಿಂತೆ. ಅಕ್ಕಪಕ್ಕದವರು ನನ್ನನ್ನು ನೋಡಿ ಇನ್ನಷ್ಟು ತಲೆ ತಗ್ಗಿಸಿದರು. ಅವರ ಸಂಸ್ಕಾರಕ್ಕೆ ಮೆಚ್ಚಿದೆ.

ಆಗ ನಮ್ಮ ಯಜಮಾನರು ಬಂದರು. ಅವತ್ತು ಬಲವಂತದಿಂದ ಅವರಿಗೆ ರೇಷ್ಮೆ ಪಂಚೆ ಉಡಿಸಿದ್ದೆ. ಹೊರಗೆ ಟೀ ಅಂಗಡಿಯಲ್ಲಿ, ಡಾಕ್ಟರು ಬೇಡವೆಂದ ಬಜ್ಜಿ ತಿನ್ನಲು ಹೋಗಿದ್ದರಂತೆ. ಎಲ್ಲರೂ ನಿಂತಿದ್ದನ್ನು ಕಂಡು, ಚಪ್ಪಲಿ ಬಿಟ್ಟು, ಬಜ್ಜಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು:

"ಪಾಪ, ಯಾರು ಓಗ್ಬುಟ್ರು?"

"ಶ್" ಎಂದೆ.

ಮೌನ ಮುಗಿಯಿತು. ಕಾರ್ಯದರ್ಶಿಯವರು ಕಣ್ಣು ಬಿಟ್ಟರು, ನಮ್ಮ ಯಜಮಾನರನ್ನು ನೋಡಿದರು, "ಅಯ್ಯಯ್ಯೋ!" ಎಂದು ಮೈಕಿನಲ್ಲೇ ಕಿರುಚಿದರು. ನಾದಿನಿ ತಿರುಗಿ ಅಣ್ಣನನ್ನು ನೋಡಿದಳು, ಮಲಗಿದವನನ್ನು ನೋಡಿದಳು, ಮತ್ತೆ ಅಣ್ಣನ ಕೈ ನೋಡಿದಳು. "ನಾನಿಲ್ಲಿ ಎದೆ ಒಡ್ಕೊಂಡು ಸಾಯ್ತಿವ್ನಿ, ಬಜ್ಜಿ ಇಡ್ಕೊಂಡು ನಿಂತವ್ನೆ ನೋಡು!" ಎಂದು ಸೆರಗು ಬಿಗಿದುಕೊಂಡು ಹೊಡೆಯಲು ಓಡಿದಳು. ಅಷ್ಟರಲ್ಲಿ ಬಾಗಿಲು ಮುರಿದು ಸ್ಟ್ರೆಚರ್ ಬಂತು. ಮೂವರೂ ಕುತ್ತಿಗೆಗೆ ಕೈ ಕೊಟ್ಟು, ಕಲಿಸಿದ ಹಾಗೆಯೇ, ವಾಚ್‌ಮನ್‌ನನ್ನು ಎತ್ತಿದರು. ಆಮೇಲೆಯೇ ಅವನು ಕಣ್ಣು ಬಿಟ್ಟದ್ದು. "ಆ ಅವ್ವಾರ ಅಳು ಕೇಳಿ ನಂಗೇ ಡೌಟಾಗೋಯ್ತು ಅಮ್ಮಾ, ನಿಜ್ವಾಗ್ಲೂ ಸತ್ತೋದ್ನೇನೋ ಅಂತ."

ಅಧಿಕಾರಿ ಮೊದಲ ಸಲ ನಕ್ಕರು. ಇಷ್ಟು ಗಲಾಟೆಯಲ್ಲಿ ಒಬ್ಬ ಕಣ್ಣು ಬಿಡಲಿಲ್ಲ, ಒಬ್ಬಳು ನಗು ಬಿಡಲಿಲ್ಲ, ಇನ್ನೆಂಥ ತರಬೇತಿ ಬೇಕು ಎಂದರು. ಸೋಮವಾರ ಕಂಟ್ರಾಕ್ಟರ್ ಬರಲಿಲ್ಲ. ನಾಲ್ವರೂ ಕೆಲಸದಲ್ಲಿದ್ದಾರೆ.

ಅದು ಸಂತೋಷವೇ. ಆದರೆ ಊರೆಲ್ಲ ಈಗ ನನ್ನನ್ನು ಕಂಡರೆ ಸೆರಗು ಬಾಯಿಗಿಟ್ಟುಕೊಳ್ಳುತ್ತದೆ. ನಮ್ಮ ಯಜಮಾನರಿಗೆ ಇದರಿಂದ ಬೇಸರವಿಲ್ಲ. ತಮಗೆ ಎಷ್ಟು ಜನ ಎದ್ದು ನಿಂತರು, ಯಾರು ನೆಟ್ಟಗೆ ನಿಂತರು, ಯಾರು ನಡುವೆ ಫೋನ್ ನೋಡಿದರು ಎಂದು ಮನೆಗೆ ಬಂದವರಿಗೆಲ್ಲ ವಿವರಿಸುತ್ತಿದ್ದಾರೆ. ಕಾರ್ಯದರ್ಶಿಯವರನ್ನು ಕೇಳಿದರೆ, "ಮೌನ ತಾನೇ ಮೇಡಂ ಮಾಡಿಸಿದ್ದು? ಅವರ ಬಗ್ಗೆ ಕೆಟ್ಟದಾಗಿ ಒಂದು ವಾರ್ತೆ, ಒಂದು ಮಾತು ಯಾರಾದ್ರೂ ಹೇಳಿದ್ರಾ? ಅಡ್ವಾನ್ಸ್ ಅಂತ ಇಟ್ಕೊಳ್ಳಿ" ಎನ್ನುತ್ತಾರೆ.

ಅಡ್ವಾನ್ಸ್ ನಮಗೆ ಬೇಡ. ಕಾರ್ಯದರ್ಶಿಯವರು ಅದೇ ಪಾರ್ಕಿನಲ್ಲಿ, ಅದೇ ಮೈಕಿನಲ್ಲಿ, ಅದೇ ಜನರ ಎದುರು, ನಮ್ಮ ಯಜಮಾನರು ಬದುಕಿದ್ದಾರೆ ಎಂದು ಹೇಳಿ ನನ್ನ ಕ್ಷಮೆ ಕೇಳಬೇಕು.