ಮೈದುನನ ಕೋಲು, ಊರಿನ ಆನೆ

ಇಡೀ ಹೆತ್ತೂರು ಹೋಬಳಿಯಲ್ಲಿ ನೆಟ್ಟಗಿರುವ ವಸ್ತು ಒಂದೇ ಒಂದು, ಅದು ತನ್ನ ಕೋಲು ಎಂದು ನನ್ನ ಮೈದುನ ಹೇಳಿಕೊಂಡು ತಿರುಗುತ್ತಿದ್ದ. ಹೇಳಿ ಸುಮ್ಮನಿರುತ್ತಿದ್ದನೇ? ಎಲ್ಲಿ! ದಿನಾ ಬೆಳಿಗ್ಗೆ ಅದನ್ನು ಸಾಬೀತು ಮಾಡಬೇಕಿತ್ತು. ಅದಕ್ಕೆ ಸಮತಟ್ಟಾದ ಜಾಗ ಬೇಕು. ನಮ್ಮ ಮನೆಯಲ್ಲಿ ಅಂಥ ಜಾಗವೆಂದರೆ ಅಡುಗೆಮನೆಯ ಕಲ್ಲುಕಟ್ಟೆ ಮಾತ್ರ, ಮತ್ತು ಆ ಹೊತ್ತಿಗೆ ಅಲ್ಲಿ ನಾನು ಅಕ್ಕಿರೊಟ್ಟಿ ತಟ್ಟುತ್ತಿರುತ್ತಿದ್ದೆ.

ಆ ಶನಿವಾರವೂ ಬಂದ. ಹಿಟ್ಟಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಕಲ್ಲು ಒರೆಸಿ, ಕೋಲನ್ನು ಮೆಲ್ಲಗೆ ಉರುಳಿಸಿ, ಕಣ್ಣನ್ನು ಕಟ್ಟೆಯ ಮಟ್ಟಕ್ಕೆ ಇಳಿಸಿ ನೋಡಿದ.

"ನೋಡಿ ಅತ್ಗೆ, ಒಂಚೂರಾದ್ರೂ ಕುಣೀತಾ ಐತಾ?"

"ಕೋಲು ಕುಣೀತಿಲ್ಲ, ನೀನು ಕುಣೀತಿದ್ದೀಯ. ರೊಟ್ಟಿ ಸೀದೋಯ್ತು, ಆಚೆ ಹೋಗು."

"ನಾಳೆ ಹಾಸನದಲ್ಲಿ ಪಂದ್ಯ ಐತೆ. ಬತ್ತೀರಾ?"

"ನಾಳೆ ಕಾಫಿ ಹಣ್ಣು ಬಿಡಿಸೋರು ಬರ್ತಾರೆ ಕಣೋ. ಮುಂದಿನ ಸಲ ಬರ್ತೀನಿ."

"ಮುಂದಿನ ಸಲ ಅಂತ ಬರೆದು ಸೈನ್ ಹಾಕಿಕೊಡಿ."

ನಾನು ಹಿಟ್ಟಿನ ಕೈಯಲ್ಲೇ ಅವನ ತೋಳಿಗೆ ಒಂದು ಕೊಟ್ಟೆ. ಸೀದ ರೊಟ್ಟಿಯನ್ನೇ ತಿಂದು ಕೆಲಸಕ್ಕೆ ಹೋದ. ನಮ್ಮ ಮನೆಯಲ್ಲಿ ಎಲ್ಲವೂ ಮಾಮೂಲಿಯಾಗಿದ್ದ ಕೊನೆಯ ದಿನ ಅದು.

ಕೋಲು ಎಂದರೆ ದನ ಅಟ್ಟುವ ಕೋಲಲ್ಲ. ಪೂಲ್ ಆಡುವ ಕೋಲು. ಅದಕ್ಕೆ ಕ್ಯೂ ಎನ್ನುತ್ತಾರೆ. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಅದರ ಅಂಚಿನಲ್ಲಿ ಆರು ತೂತು, ಮೇಲೆ ಬಣ್ಣದ ಚೆಂಡುಗಳು. ಕೋಲಿನ ತುದಿಯಿಂದ ಬಿಳಿ ಚೆಂಡಿಗೆ ಹೊಡೆದರೆ ಅದು ಹೋಗಿ ಬಣ್ಣದ ಚೆಂಡಿಗೆ ಬಡಿದು ಬಣ್ಣದ್ದು ತೂತಿಗೆ ಬೀಳಬೇಕು. ಇಷ್ಟೇ ಆಟ. 'ಇಷ್ಟೇ' ಎಂದು ಅವನೆದುರು ಹೇಳಿದರೆ ಆ ದಿನ ನಮ್ಮ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ!

ಅವನು ಹೊಂಗಡಹಳ್ಳದ ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್, ಎಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಅಲ್ಲಿನ ಬಂಗಲೆಯಲ್ಲಿ ಅಂಥ ಮೇಜೊಂದಿತ್ತು. ಮಾಲೀಕರು ವರ್ಷಕ್ಕೆ ಎರಡು ಸಲ ಬರುವವರು. ಮಳೆಗಾಲದಲ್ಲಿ ಮೇಜಿನ ಬಟ್ಟೆಗೆ ಬೂಷ್ಟು ಹಿಡಿಯದಂತೆ ಅದರ ಕೆಳಗೆ ಬಲ್ಬು ಉರಿಸಿಟ್ಟು ಕಾಯಬೇಕೆಂದು ಇವನಿಗೆ ಹೇಳಿದ್ದರು. ಮೂರು ತಿಂಗಳು ಒಂದು ಮೇಜನ್ನು ಕಾಯುತ್ತ ಕೂತವನು ಏನು ಮಾಡುತ್ತಾನೆ? ಆಡುತ್ತಾನೆ. ಮಾಲೀಕರು ಬಂದಾಗ ಆಡಿ ತೋರಿಸಿ ಅವರನ್ನೂ ಸೋಲಿಸಿದ. ದೊಡ್ಡ ಮನಸ್ಸಿನವರು, ಬೈಯಲಿಲ್ಲ. ಒಂದು ಹಳೆಯ ಕ್ಯೂ ಕೊಟ್ಟು, ಮೈಸೂರು, ಬೆಂಗಳೂರುಗಳಲ್ಲಿ ಪಂದ್ಯಗಳು ನಡೆಯುತ್ತವೆ, ಹೋಗು ಎಂದರು. ಹೋದ. ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು.

ಈ ಆಟವನ್ನೇ ಉದ್ಯೋಗ ಮಾಡಿಕೊಂಡು ದೇಶ ಸುತ್ತುವವರಿದ್ದಾರೆ, ತಾನೂ ಹಾಗೆ ಆಗುತ್ತೇನೆ ಎಂದು ಒಂದು ದಿನ ಊಟಕ್ಕೆ ಕೂತಾಗ ಘೋಷಿಸಿದ. ನಮ್ಮವರು, ಎಂದರೆ ಅವನ ಅಣ್ಣ, ತುತ್ತು ಕೆಳಗಿಟ್ಟು ಕೇಳಿದರು: "ಹೊಟ್ಟೆಪಾಡಿಗೆ ಕೋಲಾಟ ಆಡ್ತಾರೇನೋ?"

ಕೋಲಿನ ತುದಿ ಚೆಂಡಿನ ಮೇಲೆ ಜಾರದಿರಲೆಂದು ನೀಲಿ ಸುಣ್ಣದ ಬಿಲ್ಲೆಯೊಂದನ್ನು ತಿಕ್ಕುತ್ತಾರೆ. ಅದು ಅವನ ಬೆರಳಿಗೆ, ಜೇಬಿಗೆ, ಕಿವಿಗೆಲ್ಲ ಅಂಟಿರುತ್ತಿತ್ತು. ನಮ್ಮ ಕಡೆ ನೀಲಿ ಎಂದರೆ ಒಂದೇ ಅರ್ಥ: ಕಾಫಿ, ಮೆಣಸಿಗೆ ಹೊಡೆಯುವ ಮೈಲುತುತ್ತದ ಔಷಧಿ. ರೈಟರ್ ಆಗಿದ್ದೂ ಆಳುಗಳ ಜೊತೆ ತಾನೇ ನಿಂತು ಔಷಧಿ ಹೊಡೆಯುತ್ತಾನೆ ಎಂದು ಊರೆಲ್ಲ ಹೊಗಳಿತು. ಅವನ ಜೀವನದಲ್ಲಿ ಆಟದಿಂದ ಸಿಕ್ಕ ಮೊದಲ ಪ್ರಶಂಸೆ ಅದೇ!

ಆಲೂರಿನ ಕಡೆ ಒಂದು ಹೆಣ್ಣು ನೋಡಲು ಹೋದೆವು. ರೈಟರ್ ಕೆಲಸ ಒಪ್ಪಿಗೆಯಾಯಿತು. ಬೇರೆ ಏನು ಮಾಡುತ್ತೀಯ ಎಂದು ಹುಡುಗಿಯ ತಂದೆ ಕೇಳಿದರು.

"ಪೂಲ್ ಆಡ್ತೀನಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮವರು ಅವಸರವಾಗಿ, "ಕೇರಂ ಥರ ಕಣ್ರೀ, ಮನೆಯೊಳಗೆ ಆಡೋದು" ಎಂದರು. ಕೇರಂ ಎಂಬ ಮಾತು ಕೇಳಿದ್ದೇ ಮೈದುನನ ಮುಖ ಕಪ್ಪಾಯಿತು. ಇಲ್ಲ, ಹೀಗೆ ಎಂದು ತಟ್ಟೆಯಲ್ಲಿದ್ದ ರವೆ ಉಂಡೆಗಳನ್ನು ಜೋಡಿಸಿ, ಒಂದು ಚಮಚದ ಹಿಡಿಯಿಂದ ಹೊಡೆದೇ ಬಿಟ್ಟ. ಉಂಡೆ ನೇರವಾಗಿ ಹೋಗಿ ಹುಡುಗಿಯ ಅಜ್ಜಿಯ ಮಡಿಲಿಗೆ ಬಿತ್ತು. ಅಷ್ಟರಲ್ಲಿ ಹುಡುಗಿಯ ಸೋದರಮಾವನಿಗೆ ಏನೋ ಹೊಳೆಯಿತು.

"ಓ, ಇದು ಸಿನಿಮಾದಲ್ಲಿ ರೌಡಿಗಳು ಆಡೋದು ಅಲ್ವಾ? ಕೊನೆಗೆ ಆ ಕೋಲಲ್ಲೇ ಹೊಡೆದಾಡ್ತಾರೆ!"

"ಮಾವಾ, ಈ ಕೋಲಲ್ಲಿ ಯಾರಿಗಾದ್ರೂ ಹೊಡೆದ್ರೆ ಕೋಲು ಸೊಟ್ಟಗಾಯ್ತದೆ. ಅದಕ್ಕಾದ್ರೂ ನಾನು ಯಾರ ಮೇಲೂ ಕೈ ಮಾಡಲ್ಲ."

ಅಜ್ಜಿ ಉಂಡೆಯನ್ನು ಬಾಯಿಗೆ ಹಾಕಿಕೊಂಡು, "ಹುಡ್ಗ ಒಳ್ಳೇವ್ನೇ. ಆದ್ರೆ ನಮಗೆ ಬ್ಯಾಡ" ಎಂದರು. ಆಮೇಲೆ ಬಂದ ಎರಡು ಸಂಬಂಧಗಳಿಗೂ ಈ ಸುದ್ದಿ ನಮಗಿಂತ ಮೊದಲೇ ಹೋಗಿ ಮುಟ್ಟಿತ್ತು.

ಚುನಾವಣೆ ಬಂದಾಗ ನಮ್ಮ ಕಡೆ ಬಂದೂಕು ಇರುವವರೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಭಾನುವಾರವಾದರೆ ಉದ್ದನೆಯ ಕಪ್ಪು ಚೀಲ ಹೆಗಲಿಗೇರಿಸಿ ಬಸ್ಸು ಹತ್ತುವ ಇವನನ್ನು ಯಾರೋ ಗಮನಿಸಿದ್ದರು. ಒಂದು ದಿನ ಪೊಲೀಸಿನವರೊಬ್ಬರು ಬಂದೇ ಬಂದರು.

"ಲೈಸೆನ್ಸ್ ಐತೇನ್ರೀ?"

"ಇದಕ್ಕೆ ಲೈಸೆನ್ಸ್ ಬೇಡ ಸಾರ್."

"ಓಹೋ! ಏನು ಹೊಡೀತೀರಿ ಇದ್ರಲ್ಲಿ? ಹಂದೀನಾ?"

ಮೈದುನ ಚೀಲ ಬಿಚ್ಚಿ, ಎರಡು ತುಂಡುಗಳನ್ನು ತಿರುಗಿಸಿ ಕೂಡಿಸಿ, ಬಂದವರ ಕೈಗೆ ಕೊಟ್ಟ. ಅವರು ನಳಿಗೆ ಹುಡುಕಿದರು, ಇರಲಿಲ್ಲ. ಬೇಕಿದ್ದರೆ ಠಾಣೆಯಲ್ಲೇ ಇಟ್ಟುಕೊಳ್ಳಿ ಎಂದ ಮೈದುನ, "ಆದ್ರೆ ಗೋಡೆಗೆ ಒರಗಿಸಬಾರ್ದು ಸಾರ್, ಮಲಗಿಸಬೇಕು. ತೇವ ತಗಲಬಾರ್ದು. ದಿನಾ ಒಂದು ಸಲ ಒಣಬಟ್ಟೆಲಿ ಒರೆಸಿ..." ಎಂದು ಶುರುಮಾಡಿದ.

"ಬಂದೂಕಿಗೆ ಇಷ್ಟು ಸೇವೆ ಇಲ್ಲ ಮಾರಾಯ! ನಿನ್ನ ಕೋಲು ನೀನೇ ಇಟ್ಕೋ" ಎಂದು ಅವರು ಕಾಫಿಯನ್ನೂ ಕುಡಿಯದೆ ಎದ್ದರು.

ಇಷ್ಟೆಲ್ಲ ನಗೆಪಾಟಲಾದರೂ ಅವನಿಗೆ ಬೇಸರವಾಗುತ್ತಿರಲಿಲ್ಲ. ಬೇಸರವಿದ್ದದ್ದು ಒಂದಕ್ಕೆ. "ಎದುರಾಳಿ ಕಡೆಯೋರು ಹೆಂಡ್ತಿ, ಮಕ್ಕಳು, ಬಾಮೈದ ಎಲ್ಲ ಬಂದು ಕೂತಿರ್ತಾರೆ ಅತ್ಗೆ. ನನ್ನ ಕಡೆ ನನ್ನ ಬ್ಯಾಗು ಕೂತಿರ್ತದೆ" ಎನ್ನುತ್ತಿದ್ದ. ಮನೆಯವರು ಒಬ್ಬರು ಒಂದು ಸಲ ಬಂದು ನೋಡಬೇಕು, ಅಷ್ಟೇ ಅವನ ಆಸೆ. ಬಂಗಲೆಯ ಒಳಗೆ ನಾವು ಹೋಗುವಂತಿರಲಿಲ್ಲ. ಹೊರಗಿನ ಪಂದ್ಯಗಳಿಗೆ ಹೋಗಬಹುದಿತ್ತು. ಪ್ರತಿ ಸಲವೂ ಕರೆಯುತ್ತಿದ್ದ. ಒಂದು ಸಲ ಸಂಘದ ಮೀಟಿಂಗ್ ಇರುತ್ತಿತ್ತು, ಒಂದು ಸಲ ಹಸು ಕರು ಹಾಕುವುದಿರುತ್ತಿತ್ತು. ಇನ್ನೊಂದು ಸಲ ಏನೂ ಇರಲಿಲ್ಲ, ಸುಮ್ಮನೆ ಹೋಗಲಿಲ್ಲ.

ಇನ್ನು ಆನೆಯ ವಿಷಯ. ಸಕಲೇಶಪುರ, ಆಲೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ನಮ್ಮಲ್ಲಿ ತೋಟಗಳಲ್ಲಿ ಓಡಾಡುವ ಒಂದೊಂದು ಕಾಡು ಸಲಗಕ್ಕೂ ಹೆಸರಿದೆ, ಅಭಿಮಾನಿಗಳಿದ್ದಾರೆ. ಅದು ರಸ್ತೆ ದಾಟಿದರೆ ವಿಡಿಯೋ, ಹಲಸಿನ ಹಣ್ಣು ತಿಂದರೆ ವಿಡಿಯೋ, ಸುಮ್ಮನೆ ನಿಂತರೂ ವಿಡಿಯೋ! ದಂತದ ಆಕಾರ ನೋಡಿಯೇ ಯಾವ ಆನೆ ಎಂದು ಹೇಳುವ ಮಕ್ಕಳಿದ್ದಾರೆ. "ಆನೆಗೆ ಇರೋ ಪ್ರಚಾರದಲ್ಲಿ ಒಂದಾಣೆ ನನ್ನ ಆಟಕ್ಕೆ ಸಿಕ್ಕಿದ್ರೆ ಸಾಕಿತ್ತು" ಎಂದು ಮೈದುನ ನಗುತ್ತಿದ್ದ.

ರೊಟ್ಟಿ ಸೀದ ಆ ಶನಿವಾರದ ಮರುದಿನ, ಭಾನುವಾರ ಬೆಳಿಗ್ಗೆ ಮಂಜು ಬಹಳವಿತ್ತು. ಮೊದಲ ಬಸ್ಸಿಗೆಂದು ತೋಟದ ದಾರಿಯಲ್ಲಿ ಇಳಿದು ಹೋದ. ಒಂದು ತಿರುವಿನಲ್ಲಿ ಆನೆ ನಿಂತಿದ್ದದ್ದು ಅವನಿಗೆ ಕಾಣಲಿಲ್ಲ. ಅದರ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಬರೆಯಲಾರೆ.

ಮಹಜರಿಗೆ ಬಂದವರು ಸಿಕ್ಕಿದ ವಸ್ತುಗಳನ್ನು ಓದಿ ಹೇಳುತ್ತ ಬರೆದುಕೊಂಡರು. ಚಪ್ಪಲಿ ಒಂದು. ಮೊಬೈಲ್ ಒಂದು, ಒಡೆದದ್ದು. ಕಾಫಿ ಗಿಡದ ಮೇಲೆ ಬಿದ್ದಿದ್ದ ಚೀಲ ಬಿಚ್ಚಿ, "ಕೋಲು ಒಂದು, ಎರಡು ತುಂಡಾಗಿ ಮುರಿದಿದೆ" ಎಂದು ಬರೆದರು.

ನಮ್ಮವರು ಮುಂದೆ ಬಂದರು. "ಮುರಿದಿಲ್ಲ ಸಾರ್. ಅದು ಇರೋದೇ ಎರಡು ತುಂಡು" ಎಂದರು. ಬರೆಯುವವರಿಗೆ ಅರ್ಥವಾಗಲಿಲ್ಲ. ನಮ್ಮವರು ಕೋಲನ್ನು ತೆಗೆದುಕೊಂಡು ಕೂಡಿಸಲು ನೋಡಿದರು. ಎಂದೂ ಮುಟ್ಟಿದವರಲ್ಲ, ತಿರುಪು ಕೂರಲು ಬಹಳ ಹೊತ್ತು ಹಿಡಿಯಿತು. 'ಮುರಿದಿದೆ' ಎಂಬುದನ್ನು ಹೊಡೆದು ಹಾಕಿಸಿದ ಮೇಲೆಯೇ ಅವರು ಸಹಿ ಮಾಡಿದ್ದು.

ಮರುದಿನದ ಪತ್ರಿಕೆಯಲ್ಲಿ ಆನೆಯ ಫೋಟೋ ಅಂಗೈ ಅಗಲ, ಇವನದ್ದು ಅಂಚೆಚೀಟಿಯಷ್ಟು. ಆನೆಯ ಹೆಸರು ಸರಿಯಾಗಿತ್ತು, ಇವನ ಇನಿಷಿಯಲ್ ತಪ್ಪಾಗಿತ್ತು. ತೋಟದ ರೈಟರ್ ಎಂದಷ್ಟೇ ಇತ್ತು. ಪೂಲ್ ಆಟಗಾರ ಅಂತಲೂ ಹಾಕಿ ಎಂದು ನಮ್ಮವರು ಫೋನು ಮಾಡಿದರು. ಆ ಕಡೆಯವರು ಮರ್ಯಾದೆಯಿಂದಲೇ, "ಅದು ಯಾವ ಆಟ ಸಾರ್?" ಎಂದರು. ನಮ್ಮವರು ಯೋಚಿಸಿದರು. "ಕೇರಂ ಅಲ್ಲ" ಎಂದು ಹೇಳಿ ಫೋನಿಟ್ಟರು.

ತಿಥಿಯ ದಿನ ಮೈಸೂರಿನಿಂದ ಇಬ್ಬರು ಬಂದರು. ಇವನ ಜೊತೆ ಆಡುತ್ತಿದ್ದವರು. ಬಡಿಸಿದ್ದನ್ನು ಉಂಡು, ಕೈ ತೊಳೆದು, ನನ್ನನ್ನು ಹುಡುಕಿಕೊಂಡು ಹಿತ್ತಲಿಗೆ ಬಂದರು.

"ನೀವೇ ಅಲ್ವಾ ಅತ್ತಿಗೆ? ನಿಮ್ಮ ಬಗ್ಗೆ ಬಹಳ ಹೇಳೋರು. ಅವ್ರ ಆಟ ನೋಡಿದ್ದೀರಲ್ಲ, ಆ ಎಡಗೈ ಮೇಜಿನ ಮೇಲೆ ಊರೋ ರೀತಿ! ನಮಗೆ ಇವತ್ತಿಗೂ ಬರಲ್ಲ."

"ನೋಡಿದೀನಿ" ಎಂದೆ.

ಅವರಿಗೆ ಸಂತೋಷವಾಯಿತು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಸೇರಿಸುತ್ತ ಯಾವ್ಯಾವುದೋ ಪಂದ್ಯಗಳ ಬಗ್ಗೆ ಹೇಳಿದರು. ನಾನು ತಲೆಯಾಡಿಸಿದೆ.

"ಕೊನೇ ಚೆಂಡು ಹೊಡಿಯೋಕೆ ಮುಂಚೆ ಏನೋ ಗೊಣಗೋರಲ್ಲ ಅಕ್ಕಾ, ಏನದು? ಎಷ್ಟು ಕೇಳಿದ್ರೂ ನಮಗೆ ಹೇಳಲಿಲ್ಲ."

"ಮನೆದೇವರ ಹೆಸರು" ಎಂದೆ. ಬಾಯಿಗೆ ಬಂದದ್ದು ಅದು.

ಅವರು ಹೊರಡುವಾಗ ಯಾವುದಾದರೂ ವಿಡಿಯೋ ಇದೆಯೇ ಎಂದು ಕೇಳಿದೆ. ಇಬ್ಬರೂ ತಮ್ಮ ಮೊಬೈಲು ತೆಗೆದು ಹುಡುಕಿದರು. ಕಪ್ ಹಿಡಿದು ನಿಂತ ಒಂದು ಫೋಟೋ ಇತ್ತು. "ಆಡೋರು ನಾವೇ, ನೋಡೋರು ನಾವೇ ಅಕ್ಕಾ. ಹಿಡಿಯೋಕೆ ಯಾರೂ ಇರ್ತಿರ್ಲಿಲ್ಲ" ಎಂದು ಕ್ಷಮೆ ಕೇಳುವವರಂತೆ ಹೇಳಿ ಹೋದರು.

ನನ್ನ ಮೈದುನ ಆಡುವುದನ್ನು ನಾನು ಒಂದು ಸಲವೂ ನೋಡಿಲ್ಲ.