ಬೀಗದಣ್ಣನ ಮಗಳು ಶಾಲೆಗೆ ಹೋದದ್ದು

"ಹಾಳಾಗಿ ಹೋಗ್ಲಿ ನಿನ್ನ ಸ್ಕೂಲು! ನಾಲ್ಕೂವರೆ ವರ್ಷದ ಕೂಸನ್ನ ಗೇಟು ಹಾಕಿ ಕೂಡಿಹಾಕೋಕೆ ಅದೇನು ತಪ್ಪು ಮಾಡಿದೆ?"

"ಕೂಡಿಹಾಕೋದಂತೆ! ನೀನು ನಿನ್ನ ಅಂಗಡೀಲಿ ಮೂರು ವರ್ಷದಿಂದ ಕೂಡಿಹಾಕಿಲ್ವೇನೋ? ಮೊಳೆ, ತುಕ್ಕು, ಎಣ್ಣೆ ಮಧ್ಯೆ? ಮೊನ್ನೆ ನಮ್ಮನೆ ಬೀರು ಬೀಗಾನ ಹೇರ್‌ಪಿನ್ನಲ್ಲಿ ಬಿಚ್ಚಿಟ್ಲು ನಿನ್ನ ಮಗಳು. ಇನ್ನೆರಡು ವರ್ಷ ಹೀಗೇ ಬಿಟ್ರೆ ಪೊಲೀಸ್ನೋರೇ ಬಂದು ಸೇರಿಸ್ಕೋತಾರೆ!"

"ಬಿಚ್ಚಿದ್ಲಾ? ಪಿನ್ನಲ್ಲಿ?"

ಬೀಗದಣ್ಣನ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಜಗಳ ನೆನಪಾಗಿ ಮತ್ತೆ ಗಂಟು ಹಾಕಿಕೊಂಡಿತು.

ಬೆಳಗಿನ ಏಳು ಗಂಟೆ. ಅಕ್ಕ ಎರಡು ಬೀದಿ ಆಚೆಯಿಂದ ಜಗಳಕ್ಕೆಂದೇ ತಲೆ ಬಾಚಿಕೊಂಡು ಬಂದಿದ್ದಳು. ಬೀಗ ರಿಪೇರಿ ಮಾಡಿ, ಕಳೆದುಹೋದ ಬೀಗದ ಕೈಗೆ ಬದಲು ಹೊಸದನ್ನು ಅರದಲ್ಲಿ ಉಜ್ಜಿ ಮಾಡಿಕೊಡುವ ಕಸುಬಿನ ತಮ್ಮನನ್ನು ಸುತ್ತಲಿನ ಜನ ಬೀಗದಣ್ಣ ಎನ್ನುತ್ತಿದ್ದರು. ಅವನ ಹೆಂಡತಿ ತೀರಿಕೊಂಡಾಗ ಮಗಳಿಗೆ ಒಂದೂವರೆ ವರ್ಷ. ಅಂದಿನಿಂದ ಮಗಳನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿಕೊಂಡೇ ಅವನ ಕೆಲಸ. ಸದಾ ಬಾಗಿಲಿಗೆ ಜೋತುಬಿದ್ದಿರುತ್ತಾಳೆಂದು ಚಿಲಕ ಎಂದು ಕರೆದಿದ್ದ, ಅದೇ ಹೆಸರಾಗಿ ನಿಂತುಬಿಟ್ಟಿತ್ತು. ಅರ ಎಂದರೆ ಅರ, ಇಕ್ಕಳ ಎಂದರೆ ಇಕ್ಕಳ, ಚಾಚಿದ ಕೈಗೆ ತಪ್ಪದೆ ಇಡುತ್ತಿದ್ದಳು. ದಿನಕ್ಕೆ ಸಾವಿರ ಪ್ರಶ್ನೆ ಕೇಳುತ್ತಿದ್ದಳು. ಮಾತಾಡಲು ಬೇರೆ ಜನ ಬೇಕು ಅಂತ ಅವನಿಗೆ ಅನ್ನಿಸಿಯೇ ಇರಲಿಲ್ಲ. ಈಗ ಆ ಮಾತನ್ನೇ ದಿನಾ ಬೆಳಗ್ಗೆ ಎಂಟೂವರೆಯಿಂದ ಮೂರರವರೆಗೆ ಕಿತ್ತುಕೊಳ್ಳಲು ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

ಜಗಳದ ಕಾರಣ ಹೊಸಿಲ ಮೇಲೆ ಕೂತಿತ್ತು. ಶೂಗಳನ್ನು ಎಡಬಲ ಅದಲುಬದಲು ಮಾಡಿ ಹಾಕಿಕೊಂಡು, ಬೆನ್ನಿಗೆ ತನ್ನಷ್ಟೇ ಎತ್ತರದ ಚೀಲ ಏರಿಸಿಕೊಂಡು, ಹೊಸ ಡಬ್ಬಿಯ ನೇರಳೆ ಕ್ರಯಾನನ್ನು ಕಬ್ಬಿನ ಹಾಗೆ ಕಚ್ಚುತ್ತ ಇತ್ತು.

"ಅಪ್ಪಾ, ನಿಮ್ಮ ಜಗಳ ಮುಗೀತಾ? ನಂಗೆ ಹೊತ್ತಾಗತ್ತೆ."

ಅಲ್ಲಿಗೆ ಜಗಳ ಮುಗಿಯಿತು. ಅಕ್ಕ ಗೆದ್ದಳು. ಬೀಗದಣ್ಣ ಸೋತರೂ ಪೂರ್ತಿ ಸೋಲಲಿಲ್ಲ. ಮಗಳ ನೀರಿನ ಬಾಟಲಿಯನ್ನು ಯಾರಿಗೂ ಕಾಣದಂತೆ ತನ್ನ ಸಾಮಾನಿನ ಚೀಲದಲ್ಲಿ ಅಡಗಿಸಿಕೊಂಡ. ಮರೆತುಹೋದ ಬಾಟಲಿ ಕೊಡಲು ಬಂದ ಅಪ್ಪನನ್ನು ಯಾವ ಶಾಲೆ ತಾನೆ ಬೇಡ ಅಂದೀತು?

ಶಾಲೆಯ ಗೇಟಿನ ಹತ್ತಿರ ಸಂತೆ. ಒಂದು ಮಗು ಕಂಬಿ ಹಿಡಿದು ಕಿರುಚುತ್ತಿತ್ತು, ಇನ್ನೊಂದು ತಾಯಿಯ ಕಾಲಿಗೆ ಜಿಗಣೆಯ ಹಾಗೆ ಅಂಟಿತ್ತು, ಮೂರನೆಯದು ನೆಲದ ಮೇಲೆ ಉರುಳುತ್ತಿತ್ತು. ಬೀಗದಣ್ಣ ಆಸೆಯಿಂದ ಮಗಳ ಮುಖ ನೋಡಿದ. ಅವಳು ಕೈ ಬಿಡಿಸಿಕೊಂಡು ಒಳಗೆ ನಡೆದಳು. ಹಿಂದಿರುಗಿ ನೋಡಲಿಲ್ಲ. ಹೋಗಲಿ, ಚೀಲ ದೊಡ್ಡದು, ತಿರುಗಲು ಆಗಿರಲಿಕ್ಕಿಲ್ಲ ಎಂದುಕೊಂಡ. ಆದರೂ ಸಂಕಟವೆಲ್ಲ ಸಿಟ್ಟಾಗಿ, ಕೈಗೆ ಸಿಕ್ಕ ಕಾವಲುಗಾರನ ಮೇಲೆ ತಿರುಗಿತು.

"ಏನ್ರೀ ಮೀಸೆ, ಇಷ್ಟು ದೊಡ್ಡ ಬೀಗ ಯಾಕೆ? ಒಳಗಿರೋದು ಮಕ್ಕಳೋ, ಕಳ್ಳರೋ?"

"ರೂಲ್ಸು ಸ್ವಾಮಿ. ಒಂಬತ್ತಕ್ಕೆ ಬೀಗ, ಮೂರಕ್ಕೆ ತೆಗೆಯೋದು," ಎಂದ ಮೀಸೆಯವನು.

"ನಿನ್ನ ರೂಲ್ಸು ನೀನೇ ಇಟ್ಕೊ! ಸರಿಯಾಗಿ ಹತ್ತು ಗಂಟೆಗೆ ಬರ್ತೀನಿ. ನನ್ನ ಮಗಳನ್ನ ಕರ್ಕೊಂಡು ಹೋಗ್ತೀನಿ. ಈ ಬೀಗ ನನಗೆ ಯಾವ ಲೆಕ್ಕ? ಒಂದು ತಂತಿ ಸಾಕು!"

ಅವನದು ಮೊದಲೇ ಬೀಗ ಬಡಿಯುವ ಸದ್ದಿನ ಮೇಲೆ ಕೂಗೀ ಕೂಗೀ ದೊಡ್ಡದಾದ ಗಂಟಲು. ಬೀದಿಯ ತಾಯಂದಿರೆಲ್ಲ ಕೇಳಿಸಿಕೊಂಡರು. ಅಂಗಳದಲ್ಲಿ ಸಾಲು ನಿಂತಿದ್ದ ಮಕ್ಕಳೂ ಕೇಳಿಸಿಕೊಂಡವು.

ಅಂಗಡಿಗೆ ಬಂದು ಕೂತ. ಪಕ್ಕದ ದರ್ಜಿ ಹೊಲಿಗೆಯಂತ್ರ ನಿಲ್ಲಿಸಿ ಕತ್ತು ಚಾಚಿದ. ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಎದ್ದು ಬಂದ.

"ಮಗು ಅತ್ತಿತಾ?" ಎಂದ ದರ್ಜಿ.

"ಅತ್ತಿತಾ ಅಂದ್ರೆ? ಕಾಲು ಬಿಡ್ಲಿಲ್ಲ ಕಣಯ್ಯಾ. ಅಪ್ಪಾ ಅಪ್ಪಾ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತು," ಎಂದ ಬೀಗದಣ್ಣ, ಬೆಳಗ್ಗೆ ಕಂಡ ಮೂರೂ ಮಕ್ಕಳ ಅಳುವನ್ನು ಒಟ್ಟು ಸೇರಿಸಿ.

"ಹಾಗಾದ್ರೆ ಒಳ್ಳೇದೇ. ಅಳದೇ ಹೋಗ್ತವಲ್ಲ, ಅವೇ ಅಪಾಯ," ಎಂದ ಕ್ಷೌರದವನು ಕತ್ತಿ ಒರೆಸುತ್ತ. "ನನ್ನ ತಂಗಿ ಮಗ ಹಾಗೇ ಹೋದ. ಸಾಯಂಕಾಲ ಬಂದು ಅವರಮ್ಮನ್ನ 'ಆಂಟೀ' ಅಂದ."

ಬೀಗದಣ್ಣ ತಲೆ ತಗ್ಗಿಸಿ, ಒಬ್ಬ ಮುದುಕಿ ತಂದಿದ್ದ ಬೀರುವಿನ ಕೀಯನ್ನು ಮೇಜಿನ ಮೇಲಿನ ಇಕ್ಕಳಕ್ಕೆ ಸಿಕ್ಕಿಸಿ ಕೆಲಸಕ್ಕೆ ಬಿದ್ದ. ಬಲಗೈಯನ್ನು ಪಕ್ಕಕ್ಕೆ ಚಾಚಿ, "ಸಣ್ಣ ಅರ ಕೊಡು ಚಿಲಕ" ಎಂದ.

ಸ್ಟೂಲು ಖಾಲಿ. ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಮುದುಕಿ ಅದನ್ನು ನೋಡಿದಳು, ಪಾಪ ಎನ್ನಿಸಿತು, ತನ್ನ ಚೀಲದಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಅವನ ಅಂಗೈಗೆ ಇಟ್ಟಳು. ಬೀಗದಣ್ಣ ಅದರಿಂದಲೇ ಕೀಯನ್ನು ನಾಲ್ಕು ಸಲ ಉಜ್ಜಿದ. ಐದನೆಯ ಸಲಕ್ಕೆ ಕೈಯೆಲ್ಲ ಅಂಟಂಟಾಯಿತು.

"ನಾಳೆ ಬರ್ತೀನಪ್ಪಾ," ಎಂದು ಮುದುಕಿ ಕೀ ಬಿಡಿಸಿಕೊಂಡು ಮೆಲ್ಲಗೆ ಹೊರಟಳು. ದರ್ಜಿ ಬಟ್ಟೆಯೊಳಗೆ ಮುಖ ಹುದುಗಿಸಿ ನಗುತ್ತಿದ್ದ. ಅಂಗಡಿ ಇಷ್ಟು ಸಣ್ಣದು, ಇದರಲ್ಲಿ ಇಷ್ಟು ಜಾಗ ಎಲ್ಲಿಂದ ಬಂತು ಎಂದು ಬೀಗದಣ್ಣನಿಗೆ ಅರ್ಥವಾಗಲಿಲ್ಲ. ಗೋಡೆಗೆ ನೇತುಹಾಕಿದ ಮುನ್ನೂರು ಕೀಗಳಲ್ಲಿ ಒಂದೂ ಮಾತಾಡುತ್ತಿರಲಿಲ್ಲ.

ಹತ್ತಕ್ಕೆ ಹದಿನೈದು ನಿಮಿಷ ಇರುವಾಗ ಚೀಲ ಹೆಗಲಿಗೇರಿಸಿದ. "ನೀರಿನ ಬಾಟ್ಲಿ ಮರೆತುಹೋಗಿದೆ" ಎಂದು ಯಾರೂ ಕೇಳದಿದ್ದರೂ ಹೇಳಿ ಹೊರಟ. ತಮಾಷೆ ತಪ್ಪಿಹೋದೀತೆಂದು ದರ್ಜಿ, ಕ್ಷೌರದವನು ಇಬ್ಬರೂ ಹಿಂದೆ ಹೊರಟರು. ಅರ್ಧ ಗಡ್ಡದ ಗಿರಾಕಿಯೂ ವಿಧಿಯಿಲ್ಲದೆ ಜೊತೆಗೆ ನಡೆದ.

ಗೇಟಿನ ಮುಂದೆ ಜನವೋ ಜನ. ಮಕ್ಕಳಿಗೆ ಬ್ರೆಡ್ಡು ತಂದ ಗಾಡಿ ಹೊರಗೆ ನಿಂತಿತ್ತು. ಒಳಗಡೆ ಮೀಸೆಯವನು ಬೆವರು ಸುರಿಸುತ್ತ ಬೀಗದೊಳಗೆ ಕೀ ತಿವಿಯುತ್ತಿದ್ದ. ಅದು ಅರ್ಧಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಮಕ್ಕಳು ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆಂಬ ಸುದ್ದಿ ಅಕ್ಕಪಕ್ಕದ ಮನೆಗಳಿಗೆಲ್ಲ ಹಬ್ಬಿ, ತಾಯಂದಿರು ಕೈಯ ಕೆಲಸ ಬಿಟ್ಟು ಓಡಿಬಂದಿದ್ದರು. ಬಿಳಿಕೂದಲಿನ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲೂ ದೊಡ್ಡ ಮೇಡಂ, "ಶಾಂತಿ! ಶಾಂತಿ!" ಎಂದು ಅಲ್ಲಿದ್ದವರೆಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು.

"ಬೀಗ ರಿಪೇರಿಯವನನ್ನ ಕರೀರಿ ಯಾರಾದ್ರೂ!" ಎಂದರು.

"ನಾನು ಬಂದೆ ಮೇಡಂ," ಎಂದ ಬೀಗದಣ್ಣ.

ಗಡಿಯಾರ ಹತ್ತು ಹೊಡೆಯಿತು.

ಮೀಸೆಯವನ ಬೆರಳು ಮೇಲೆದ್ದಿತು. "ಇವನೇ! ಇವನೇ ಮೇಡಂ! ಬೆಳಗ್ಗೆ ಹೇಳ್ದ, ಸರಿಯಾಗಿ ಹತ್ತಕ್ಕೆ ಬರ್ತೀನಿ ಅಂತ. ಕರೆಯೋಕ್ ಮೊದ್ಲೇ ಸಾಮಾನು ಹಿಡ್ಕೊಂಡು ಬಂದವ್ನೆ ನೋಡಿ!"

"ನಾನೂ ಕೇಳಿದೀನಿ," ಎಂದಳು ಒಬ್ಬ ತಾಯಿ.

"ಬಾಟ್ಲಿ ಅಂತ ಹೇಳಿ ಹೊರಟ ಮೇಡಂ, ನಮಗಾಗಲೇ ಡೌಟು," ಎಂದ ದರ್ಜಿ. ಹದಿನಾಲ್ಕು ವರ್ಷ ಪಕ್ಕದಂಗಡಿಯಲ್ಲಿದ್ದವನು!

"ಬಾಯಿ ಮುಚ್ಚೋ ಸೂಜಿ!" ಎಂದು ಬೀಗದಣ್ಣ ಗುಡುಗಿದ. "ನನಗೆ ಬೇಕಾದ್ರೆ ಬೀಗ ತೆಗೀತೀನಿ ಕಣಯ್ಯಾ, ಕೆಡಿಸ್ತೀನಾ? ಕೆಡಿಸೋದು ನನ್ನ ಕಸುಬಾ? ಸರೀರಿ ಎಲ್ಲ!"

ಕಂಬಿಯ ಸಂದಿಯಲ್ಲಿ ಕೈ ತೂರಿಸಿ ಬೀಗವನ್ನು ತನ್ನ ಕಡೆ ತಿರುಗಿಸಿಕೊಂಡ. ಕಣ್ಣು ಹತ್ತಿರ ತಂದ. ಊದಿದ. ಕೊಕ್ಕೆತಂತಿ ಒಳಗೆ ಬಿಟ್ಟು, ಕಿವಿಯಿಂದ ಹುಳ ತೆಗೆಯುವಷ್ಟು ನಾಜೂಕಾಗಿ ತಿರುವಿದ. ಮೊದಲು ಬಂದದ್ದು ಒಂದಿಷ್ಟು ನೇರಳೆ ಪುಡಿ. ಎರಡನೆಯ ಸಲ ಇಡೀ ತುಂಡೇ ಬಂತು. ಬೆರಳುಗುರಿನಷ್ಟು ಮೇಣದ ಕ್ರಯಾನು; ಅದರ ತುದಿಯಲ್ಲಿ ಕಚ್ಚಿದ ಗುರುತು.

ಇಪ್ಪತ್ತೆರಡು ವರ್ಷ ಕೀಗಳ ಏರುತಗ್ಗು ಓದಿದ ಕಣ್ಣು ಅದು. ಎರಡು ಸಣ್ಣ ಹಲ್ಲಿನ ಗುರುತು, ಬಲಗಡೆಯದರ ಮೂಲೆ ಸ್ವಲ್ಪ ಮುಕ್ಕು. ಹೋದ ವರ್ಷ ಹಿತ್ತಾಳೆಯ ಬೀಗವೊಂದನ್ನು ಬಿಸ್ಕತ್ತಿನ ಹಾಗೆ ಕಚ್ಚಿ ಆ ಮೂಲೆ ಮುರಿದುಕೊಂಡವಳು ಈ ಭೂಮಿಯ ಮೇಲೆ ಒಬ್ಬಳೇ.

"ಏನದು? ತೋರಿಸಿ ಇಲ್ಲಿ," ಎಂದರು ದೊಡ್ಡ ಮೇಡಂ.

ಬೀಗದಣ್ಣ ಅದನ್ನು ಬಾಯಿಗೆ ಹಾಕಿಕೊಂಡ.

"ಬಾಯಲ್ಲೇನು ಅದು?"

"ಪೆಪ್ಪರ್‌ಮಿಂಟು."

ಗೇಟು ತೆರೆಯಿತು, ಬ್ರೆಡ್ಡು ಒಳಗೆ ಹೋಯಿತು, ಬೀಗದಣ್ಣನನ್ನೂ ಒಳಗೆ ಕರೆದೊಯ್ದರು. ದೊಡ್ಡ ಮೇಡಂ ತಮ್ಮ ಕೋಣೆಯ ಬಾಗಿಲು ಹಾಕಿ ಕೂತರು.

"ನೋಡಿ, ನನಗೆ ಒಂದೇ ಮಾತು ಬೇಕು. ಬೀಗ ಕೆಡಿಸಿದ್ದು ನೀವಾ, ಅಥವಾ ಯಾವುದಾದರೂ ಮಗುವಾ? ಮಗುವಾದರೆ ಈಗಲೇ ಮನೆಗೆ ಕಳಿಸ್ತೀನಿ. ಈ ವರ್ಷ ಆ ಮಗುವಿಗೆ ಇಲ್ಲಿ ಜಾಗ ಇಲ್ಲ. ಒಳಗೆ ಅರವತ್ತು ಮಕ್ಕಳಿವೆ, ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ?"

ಬೀಗದಣ್ಣ ಲೆಕ್ಕ ಹಾಕಿದ. ಒಂದು ಮಾತು! ಒಂದೇ ಒಂದು ಮಾತು ಹೇಳಿದರೆ ಹನ್ನೊಂದು ಗಂಟೆಯ ಹೊತ್ತಿಗೆ ಚಿಲಕ ತನ್ನ ಸ್ಟೂಲಿನ ಮೇಲೆ. ಅಕ್ಕನ ಬಾಯಿಯೂ ಬಂದ್. ಅದನ್ನೇ ತಾನೆ ಬೆಳಗಿನಿಂದ ಬಯಸಿದ್ದು? ಆದರೆ ಬೇರೊಂದು ಯೋಚನೆ ಬಂದು ಅವನ ಕಣ್ಣು ಮಂಜಾಯಿತು. ಬೀಗ ಕೆಟ್ಟರೆ ಎಲ್ಲರೂ ಯಾರನ್ನು ಕರೆಯುತ್ತಾರೆ? ಅಪ್ಪನನ್ನು. ಮೂರು ವರ್ಷ ಅವಳು ಕಂಡಿರುವುದು ಅದೊಂದೇ. ಅಳಲಿಲ್ಲ, ಕೂಗಲಿಲ್ಲ, ಅಪ್ಪ ಬರಲಿ ಎಂದು ಬೀಗ ಕೆಡಿಸಿದ್ದಾಳೆ. ಹಿಂದಿರುಗಿ ನೋಡದೆ ಹೋದವಳು ಒಳಗೊಳಗೇ ಇಷ್ಟು ಹಂಬಲಿಸಿದ್ದಾಳೆ! ಇಂಥ ಮಗುವನ್ನು ಯಾವ ಅಪ್ಪ ಹಿಡಿದುಕೊಡುತ್ತಾನೆ?

"ನಾನೇ ಮೇಡಂ," ಎಂದ. ಹಲ್ಲು, ನಾಲಿಗೆ ಎಲ್ಲ ನೇರಳೆಯಾಗಿತ್ತು. "ತಡೀಲಾರದೆ ಮಾಡ್ದೆ."

ಮೇಡಂ ಆ ಬಾಯನ್ನೇ ಬಹಳ ಹೊತ್ತು ನೋಡಿದರು.

"ಸರಿ. ಇನ್ಮೇಲೆ ನೀವು ಗೇಟಿನ ಹತ್ತಿರ ಕಾಲಿಡಕೂಡದು. ಬಿಡೋದು, ಕರ್ಕೊಂಡು ಹೋಗೋದು ಮಗುವಿನ ಅತ್ತೆ ಮಾಡಲಿ. ಒಪ್ಪಿಗೆನಾ?"

"ಒಪ್ಪಿಗೆ. ಒಂದು ನಿಮಿಷ ಅವಳನ್ನ ನೋಡಬಹುದಾ?"

ಮೇಡಂ ಮಗುವನ್ನು ಕರೆಸಿ, ಹೊರಗೆ ತಾಯಂದಿರನ್ನು ಸಮಾಧಾನ ಮಾಡಲು ಹೋದರು. ಚಿಲಕ ಬಂದಳು. ಶೂಗಳನ್ನು ಯಾರೋ ಸರಿಪಡಿಸಿ ಹಾಕಿದ್ದರು. ಅದು ಅವನಿಗೆ ಮೊದಲು ಕಂಡಿತು.

"ಅಪ್ಪಾ, ನಿನ್ನ ನಾಲಿಗೆ ಯಾಕೆ ನೇರಳೆ?"

ಬೀಗದಣ್ಣ ಮಂಡಿಯೂರಿ ಕೂತು, ಗುಟ್ಟಿನ ದನಿಯಲ್ಲಿ ಕೇಳಿದ. "ಕಳ್ಳಿ! ಬೀಗದೊಳಗೆ ಹಾಕ್ದೋಳು ನೀನೇ ತಾನೆ?"

"ಹೂಂ. ಮಿಸ್ಸಿಗೆ ಒಂದಕ್ಕೆ ಅಂತ ಹೇಳಿ ಹೋಗಿದ್ದೆ. ಮೀಸೆ ಮಾಮ ಗಂಟೆ ಹೊಡೆಯೋಕೆ ಹೋಗಿದ್ದ. ಪಿನ್ನಲ್ಲಿ ಒತ್ತಿ ಒತ್ತಿ ತುರುಕಿದೆ."

"ಅಪ್ಪ ಬರ್ಲಿ ಅಂತ ತಾನೆ, ಬಂಗಾರ?"

"ಅಲ್ಲ," ಎಂದಳು ಚಿಲಕ. "ಬರ್ಬಾರ್ದು ಅಂತ."

"ಹಾಂ?"

"ಹತ್ತು ಗಂಟೆಗೆ ಬಂದು ಕರ್ಕೊಂಡು ಹೋಗ್ತೀನಿ ಅಂತ ನೀನೇ ಕೂಗಿದ್ಯಲ್ಲ. ತಂತಿ ಸಾಕು ಅಂದೆ. ತಂತಿ ಒಳಗೆ ಹೋಗ್ಬಾರ್ದು ಅಂತ ತುಂಬಿಸಿಟ್ಟೆ." ಅವಳು ಅಪ್ಪನ ಭುಜ ತಟ್ಟಿದಳು. "ಆದ್ರೂ ತೆಗೆದುಬಿಟ್ಯಲ್ಲ. ನೀನು ತುಂಬಾ ಜಾಣ ಅಪ್ಪಾ."

ಹೊಗಳಿಕೆ ಇಷ್ಟು ನೋಯಿಸುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಈಗ ಮೇಡಂ ಅವರನ್ನು ಕರೆದು ನಿಜ ಹೇಳೋಣವೆಂದರೆ, ಮಗಳ ಮುಖ ಹೊಸ ಬೀಗದ ಹಾಗೆ ಹೊಳೆಯುತ್ತಿತ್ತು.

"ಇಲ್ಲಿ ಚೆನ್ನಾಗಿದೆಯೇನೇ?"

"ನನ್ನ ಪಕ್ಕ ಒಬ್ಳು ಕೂತಿದಾಳೆ. ಅವಳು ದಿನಾ ಬರ್ತಾಳಂತೆ! ನಿನ್ನ ಅಂಗಡಿಗೆ ಬರೋರೆಲ್ಲ ಕೀ ತಗೊಂಡು ಹೋಗ್ಬಿಡ್ತಾರೆ. ನಾನೊಂದು ಚಿತ್ರ ಬರೆದಿದೀನಿ, ನೋಡ್ತೀಯಾ?"

"ನೋಡ್ತೀನಿ. ತಗೊಂಡು ಬಾ."

"ಇಲ್ಲೇ ಇರು, ಎಲ್ಲೂ ಹೋಗ್ಬೇಡ. ಈಗ ಬಂದೆ!"

ಟಪಟಪ ಶೂ ಸದ್ದು ಮಾಡುತ್ತ ಓಡಿದಳು. ಬೀಗದಣ್ಣ ಬೆಂಚಿನ ಮೇಲೆ ಕೂತ. ಅಂಗೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ, ಚಿತ್ರ ಹಿಡಿಯಬೇಕಲ್ಲ. ಗಂಟೆ ಹೊಡೆಯಿತು. ಅರವತ್ತು ಮಕ್ಕಳು ಒಟ್ಟಿಗೆ ಅಂಕಿ ಹೇಳತೊಡಗಿದವು. ಅದರಲ್ಲಿ ಒಂದು ದನಿಯನ್ನು ಹುಡುಕಿ ತೆಗೆಯಲು ಬೀಗದಣ್ಣ ಕಣ್ಣು ಮುಚ್ಚಿ ಕಿವಿಗೊಟ್ಟ. ಸಿಕ್ಕಲಿಲ್ಲ.

ದೊಡ್ಡ ಮೇಡಂ ಒಳಗೆ ಬಂದರು.

"ಇನ್ನೂ ಇಲ್ಲೇ ಇದೀರಾ?"

"ಈಗ ಬಂದೆ ಅಂದಿದಾಳೆ ಮೇಡಂ," ಎಂದು ಬೀಗದಣ್ಣ ಎದ್ದು ನಿಂತ.

ಮೇಡಂ ಬಾಗಿಲ ಕಡೆ ನೋಡಿದರು, ಅವನ ಕಡೆ ನೋಡಿದರು. ಬಯ್ಯಲಿಲ್ಲ. ಕೂತುಕೊಳ್ಳಿ ಎಂಬಂತೆ ಬೆಂಚಿನ ಕಡೆ ಕೈ ತೋರಿಸಿ, ತಮ್ಮ ಕಾಗದಪತ್ರ ಎಳೆದುಕೊಂಡರು.

ಹನ್ನೊಂದಾಯಿತು. ಹನ್ನೊಂದೂವರೆಯೂ ಆಯಿತು. ಚಿಲಕ ಬರಲಿಲ್ಲ.