ಜೋಳದ ತೆನೆಗೆ ಕಾಲುಚೀಲ

“ಈ ಸಲ ಎಳ್ಳ ಅಮಾಸಿಗೆ ನೀ ಮುಂಬೈಗೆ ಬಾ ಅಕ್ಕಾ! ನನ್ನ ಹೊಲದ ಸೀತನಿ ನಿನಗ ತಿನ್ನಸಲಿಲ್ಲಂದ್ರ ನನ್ನ ಹೆಸರು ಸಿದ್ದಲಿಂಗಪ್ಪನ ಅಲ್ಲ!”

ಗಂಡ ಫೋನಿನಲ್ಲಿ ಹೀಗೆ ಗರ್ಜಿಸಿದ್ದನ್ನು ಕೇಳಿ, ಒಳಗೆ ರೊಟ್ಟಿ ಬಡಿಯುತ್ತಿದ್ದ ಇಂದ್ರಾಬಾಯಿಯವರ ಕೈ ಅಲ್ಲೇ ನಿಂತಿತು. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನಿಗೊಂದು ಹೊಲವಿರುವ ಸುದ್ದಿ ಅವರ ಕಿವಿಗೆ ಬಿದ್ದದ್ದು ಇದೇ ಮೊದಲು.

“ಹೊಲಾನ? ಯಾವ ಹೊಲಾರೀ?”

“ಹಿತ್ತಲದಾಗಿಂದು!”

ಮಲಾಡಿನ ಆ ಹಳೆಯ ಸೊಸೈಟಿಯಲ್ಲಿ ಗ್ರೌಂಡ್ ಫ್ಲೋರಿನವರಿಗೆ ಹಿಂದುಗಡೆ ಒಂದು ತುಂಡು ಮಣ್ಣು ಬಿಟ್ಟಿದ್ದರು. ಅಲ್ಲಿ ಎರಡು ಚಾಪೆ ಹಾಸಿದರೆ ಮೂರನೆಯದನ್ನು ಕಂಪೌಂಡ್ ಗೋಡೆಯ ಮೇಲೆ ಹಾಸಬೇಕು. ಒಂದು ತುಳಸಿ, ಒಂದು ಒಡೆದ ಬಕೆಟು, ಮಗಳು ರೂಪಾಲಿ ಚಿಕ್ಕವಳಿದ್ದಾಗ ತುಳಿದ ಸೈಕಲ್ಲು, ಇಷ್ಟು ಅಲ್ಲಿಯ ಒಕ್ಕಲು. ಸಿದ್ದಲಿಂಗಪ್ಪನವರು ಅದನ್ನು ಆ ಕ್ಷಣದಿಂದ ಹೊಲವೆಂದು ಘೋಷಿಸಿಬಿಟ್ಟರು.

ತಪ್ಪು ಪೂರ್ತಿ ಅವರದಲ್ಲ. ಸಿಂದಗಿ ಕಡೆ ಒಕ್ಕಲುತನ ಮಾಡಿಕೊಂಡಿರುವ ಅಕ್ಕ ಮಲ್ಲಕ್ಕ ಫೋನಿನಲ್ಲಿ ಕೆಣಕಿದ್ದರು: “ಮುಂಬೈದಾಗ ಏನ ಬೆಳೀತೈತೋ ತಮ್ಮಾ? ಬಿಲ್ಡಿಂಗ್ ಬಿಟ್ಟರ ನಿಮ್ಮ ಹೊಟ್ಟಿ!” ಗೋರೆಗಾಂವದ ಆಫೀಸಿನಲ್ಲಿ ಕುಳಿತು ಕುಳಿತು ನಿಜಕ್ಕೂ ಹೊಟ್ಟೆ ಬೆಳೆಸಿದ್ದ ಮನುಷ್ಯನಿಗೆ ಇಂಥ ಮಾತು ತಾಗದೆ ಇರುತ್ತದೆಯೇ? ಅದೂ ಸೀತನಿಯ ವಿಷಯ! ಹಾಲುಗಾಳಿನ ಎಳೆಯ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ, ಶೇಂಗಾ ಹಿಂಡಿ, ಬೆಲ್ಲದ ಜೊತೆ ಬಾಯಿಗೆ ಮುಕ್ಕಿಕೊಳ್ಳುವ ಆ ಸುಖದ ಮುಂದೆ ವಿಜಯಪುರ ಸೀಮೆಯವರಿಗೆ ಸ್ವರ್ಗವೂ ಸಪ್ಪೆ. ಅದನ್ನು ಮಲಾಡಿನಲ್ಲಿ ಬೆಳೆದು ಅಕ್ಕನ ಬಾಯಿ ಮುಚ್ಚಿಸುತ್ತೇನೆಂದು ತಮ್ಮ ಪಣ ತೊಟ್ಟರು.

ಹಬ್ಬಕ್ಕೆ ತಡವಾಗಬಾರದೆಂದು, ಊರಿನವರು ಹಿಂಗಾರಿಗೆ ಇನ್ನೂ ಆಕಾಶ ನೋಡುತ್ತಿರುವಾಗ, ಇವರು ಗಣೇಶ ಕೂತ ವಾರವೇ ಬಿತ್ತಿದರು. ಪೈಪಿನಿಂದ ನೀರು, ಅಡುಗೆಮನೆಯ ಗೊಬ್ಬರ, ಬೆಳಿಗ್ಗೆ ಲೋಕಲ್ ಹಿಡಿಯುವ ಮುನ್ನ ಒಂದು ದರ್ಶನ, ಸಂಜೆ ಬಂದು ಶೂ ಬಿಚ್ಚುವ ಮುನ್ನ ಇನ್ನೊಂದು. ಜೋಳವೂ ನಾಚಿಕೊಳ್ಳಲಿಲ್ಲ. ಕಿಟಕಿ ದಾಟಿ ಬೆಳೆಯಿತು, ತೆನೆ ತೂಗಿತು, ಕಾಳಿನಲ್ಲಿ ಹಾಲು ತುಂಬಿತು. ಸಿದ್ದಲಿಂಗಪ್ಪನವರು ಪಾಯಿಜಾಮ ಮೇಲೆತ್ತಿ ಕಟ್ಟಿ ಬದುವಿನ ಮೇಲೆ, ಅಂದರೆ ಗಟಾರದ ಕಲ್ಲಿನ ಮೇಲೆ, ಜಮೀನುದಾರರಂತೆ ಓಡಾಡತೊಡಗಿದರು.

ಆಗಲೇ ಅದು ಬಂತು.

ಬಂದದ್ದು ಒಂದು ಅಳಿಲು. ಇವರ ಕಡೆಯ ಮಾತಿನಲ್ಲಿ ಇಣಚಿ. ಗುಲ್‌ಮೊಹರ್ ಮರದಿಂದ ಗೋಡೆಗೆ, ಗೋಡೆಯಿಂದ ಜೋಳಕ್ಕೆ ಹಾರಿ, ಎಲ್ಲಕ್ಕಿಂತ ದೊಡ್ಡ ತೆನೆಯನ್ನು ಆರಿಸಿ, ಎರಡೂ ಕೈಯಿಂದ ಕಾಳು ಬಿಡಿಸಿ, ಹಾಲು ಹೀರಿ, ಸಿಪ್ಪೆಯನ್ನು ಯಜಮಾನರ ತಲೆಯ ಮೇಲೇ ಉಗುಳಿತು!

“ಹೇ! ಹೇ! ಕಳ್ಳ!” ಎಂದು ಸಿದ್ದಲಿಂಗಪ್ಪನವರು ಕುಣಿದರು. “ಬಿತ್ತಾಂವ ನಾ, ನೀರ ಹಾಕಾಂವ ನಾ, ಉಣ್ಣಾಕ ಇದು! ನ್ಯಾಯ ಐತೇನ ಇದು?”

“ಪಾಪ, ಒಂದ ತೆನಿ ತಿಂದ್ರ ಏನಾತ್ರೀ?” ಎಂದರು ಇಂದ್ರಾಬಾಯಿ.

“ಒಂದ ತೆನಿ? ಅದು ಅಕ್ಕನ ತೆನಿ! ನನ್ನ ಮಾನದ ಪ್ರಶ್ನಿ!”

ಮಾನದ ಯುದ್ಧಕ್ಕೆ ಮೊದಲ ಅಸ್ತ್ರವಾಗಿ ಬ್ಯಾಡಗಿ ಮೆಣಸಿನಕಾಯಿ ಅರೆದ ನೀರು ತಯಾರಾಯಿತು. ಬಾಟಲಿಗೆ ತುಂಬಿ ತೆನೆಗೆ ಸಿಂಪಡಿಸುವ ಹೊತ್ತಿಗೆ ಅರಬ್ಬಿ ಸಮುದ್ರದ ಗಾಳಿ ಬೀಸಬೇಕೇ? ಔಷಧವೆಲ್ಲ ವೈದ್ಯರ ಮುಖಕ್ಕೇ ಬಂತು. ಅವರು ಕಣ್ಣೀರು ಸುರಿಸುತ್ತ, ಸೀನುತ್ತ, ನಲ್ಲಿ ಹುಡುಕುತ್ತಿದ್ದಾಗ ಅಳಿಲು ಖಾರ ಹಚ್ಚಿದ ಕಾಳನ್ನು ಚಪ್ಪರಿಸಿಕೊಂಡು ತಿಂದಿತು. ಮರಾಠಿಯಲ್ಲಿ ಅಳಿಲಿಗೆ ‘ಖಾರ್’ ಎಂದೇ ಹೆಸರು. ಖಾರಕ್ಕೇ ಖಾರ ತಿನ್ನಿಸಲು ಹೋದದ್ದು ಇವರದೇ ದಡ್ಡತನ.

ಮರುದಿನ ತೆನೆ ಮುಚ್ಚುವ ಉಪಾಯ ಹೊಳೆಯಿತು. ಊರಲ್ಲಾದರೆ ಹಕ್ಕಿ ಕಾಟಕ್ಕೆ ತೆನೆಗೆ ಬಟ್ಟೆ ಕಟ್ಟುತ್ತಾರೆ. ಮಲಾಡಿನಲ್ಲಿ ತೆನೆಯ ಅಳತೆಗೆ ಹೊಲಿದಂಥ ಬಟ್ಟೆ ಯಾವುದು? ಕಾಲುಚೀಲ! ಸಿದ್ದಲಿಂಗಪ್ಪನವರು ಕಪಾಟು ಬರಿದು ಮಾಡಿ, ಕರಿದು, ಕಂದು, ಹೆಬ್ಬೆರಳು ಇಣುಕುವಂಥವು, ಎಲ್ಲವನ್ನೂ ಒಂದೊಂದು ತೆನೆಗೆ ತೊಡಿಸಿ ದಾರ ಕಟ್ಟಿದರು. ಗಾಳಿಗೆ ಹಿತ್ತಲು ತುಂಬ ಕಾಲುಚೀಲಗಳು ತಲೆದೂಗಿದವು.

ಸಂಜೆ ರೂಪಾಲಿ ಮೊಬೈಲ್ ಹಿಡಿದು ಕೆಂಪು ಮುಖ ಮಾಡಿಕೊಂಡು ಬಂದಳು.

“ಪಪ್ಪಾ, ಸೊಸೈಟಿ ಗ್ರೂಪ್‌ದಾಗ ಯಾರೋ ನಮ್ಮ ಗಾರ್ಡನ್ ಫೋಟೋ ಹಾಕ್ಯಾರ. ಎಲ್ಲಾರೂ ಕೇಳಾಕತ್ತಾರ, ಸಾಕ್ಸ್ ಕಾ ಬೀಜ್ ಕಹಾಂ ಮಿಲ್ತಾ ಹೈ, ಸಾಕ್ಸಿನ ಬೀಜ ಎಲ್ಲಿ ಸಿಗತಾವ ಅಂತ! ಐ ಆಮ್ ಸೋ ಎಂಬರಾಸ್ಡ್!”

“ನಗಲಿ, ನಗಲಿ. ಸೀತನಿ ವಾಸನಿ ಬಂದಾಗ ಇದs ಮಂದಿ ತಾಟ ಹಿಡಕೊಂಡ ನಿಂದರತಾರ!”

ತಾಟು ಹಿಡಿದು ಯಾರೂ ಬರಲಿಲ್ಲ. ಬಂದವರು ಸೊಸೈಟಿಯ ಸೆಕ್ರೆಟರಿ ಸುಹಾಸ್. ಕಂಪೌಂಡಿನಲ್ಲಿ ಬಟ್ಟೆ ಒಣಹಾಕುವಂತಿಲ್ಲ ಎಂಬ ನಿಯಮವನ್ನು ಬೆರಳೆತ್ತಿ ಹೇಳಿ ಹೋದರು. ಬಿಚ್ಚುವ ಕೆಲಸವನ್ನು ಅಳಿಲೇ ಮುಗಿಸಿತು. ಬೆಳಗಾಗುವುದರೊಳಗೆ ದಾರ ಕಡಿದು, ಕಾಲುಚೀಲ ಎಳೆದು, ತೆನೆ ತಿಂದು, ಮೆತ್ತನೆಯ ಚೀಲಗಳನ್ನು ಮನೆಗೆ ಒಯ್ದಿತ್ತು. ಗುಲ್‌ಮೊಹರ್ ಮರದ ಗೂಡಿನಿಂದ ಒಂದು ಕಂದು ಕಾಲುಚೀಲ ಬಾವುಟದಂತೆ ಇಳಿಬಿದ್ದಿತ್ತು. ಆ ದಿನ ಸಿದ್ದಲಿಂಗಪ್ಪನವರು ಬರಿಗಾಲಿಗೆ ಶೂ ಹಾಕಿಕೊಂಡು ಆಫೀಸಿಗೆ ಹೋದರು.

ಇಂಥ ಅವಮಾನವನ್ನು ಯಾವ ರೈತ ಸಹಿಸುತ್ತಾನೆ? ಸಹಿಸಬಾರದು! ಅವರು ಪಾಯಿಜಾಮದ ಲಾಡಿ ಎಳೆದು ಕವಣೆ ಮಾಡಿದರು. ಚಿಕ್ಕವರಿದ್ದಾಗ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿದರೆ ಗಿಳಿಯ ಹಿಂಡು ಪಕ್ಕದೂರಿಗೆ ಹೋಗುತ್ತಿತ್ತಂತೆ. ಸ್ಟೂಲ್ ಹತ್ತಿದರು. ಮಣ್ಣಿನ ಹೆಂಟೆ ಇಟ್ಟರು. ಒಂದು ಕೈಯಲ್ಲಿ ಸಡಿಲವಾದ ಪಾಯಿಜಾಮ ಹಿಡಿದುಕೊಂಡು ಇನ್ನೊಂದು ಕೈಯಿಂದ ಗರಗರ ತಿರುಗಿಸಿ ಬಿಟ್ಟರು.

ಹೆಂಟೆ ಅಳಿಲಿನ ಮೇಲಿನಿಂದ ಹಾದು, ಮೂಲೆ ದಾಟಿ, ಪಾರ್ಕಿಂಗಿನಲ್ಲಿ ನಿಂತ ಸುಹಾಸರ ಹೊಸ ಕಾರಿನ ಬಾನೆಟ್ಟಿನ ಮೇಲೆ ಕೂತಿತು. ವಾಂಯ್ ವಾಂಯ್ ಪೀಂ ಪೀಂ ಎಂದು ಕಾರು ಬೊಬ್ಬೆ ಹೊಡೆಯಿತು!

ಸಿದ್ದಲಿಂಗಪ್ಪನವರು ಸ್ಟೂಲಿನಿಂದ ಇಳಿದು ಬಾಗಿಲ ಹಿಂದೆ ಅಡಗಿಕೊಂಡರು. ಅಲ್ಲಿಂದ ಇಣುಕಿದಾಗ ಕಂಡದ್ದೇನು? ಮೆಣಸಿನಕಾಯಿಗೆ ಹೆದರದ, ಕವಣೆಗೆ ಬಗ್ಗದ ಅಳಿಲು ಬಾಲ ನಿಮಿರಿಸಿಕೊಂಡು ಓಟ ಕಿತ್ತಿತ್ತು. ಸಂಜೆಯವರೆಗೂ ಅದು ಹೊಲದ ಕಡೆ ತಲೆ ಹಾಕಲಿಲ್ಲ.

“ಸಿಕ್ಕಿತು ಇಂದ್ರಾ! ಇಣಚಿ ಔಷಧ ಸಿಕ್ಕಿತು!”

ಅಂದಿನಿಂದ ಅವರು ಬೆಳಿಗ್ಗೆ ಪೂಜೆ ಮುಗಿಸಿ ಪಾರ್ಕಿಂಗಿಗೆ ಹೋಗಿ, ಅತ್ತಿತ್ತ ನೋಡಿ, ಸುಹಾಸರ ಕಾರಿನ ಬಾನೆಟ್ಟಿಗೆ ಮೆತ್ತಗೆ ಒಂದು ಏಟು ಕೊಟ್ಟು ಬರತೊಡಗಿದರು. ಇಡೀ ವಿಂಗ್ ಬೆಚ್ಚಿಬಿದ್ದು ಏಳುತ್ತಿತ್ತು. ಮಕ್ಕಳು ಅಳುತ್ತಿದ್ದವು. ಹಾಲಿನವನು ಪಾಕೀಟು ಬೀಳಿಸುತ್ತಿದ್ದ. ಅಳಿದುಳಿದ ಜೋಳ ಮಾತ್ರ ಸುರಕ್ಷಿತವಾಗಿತ್ತು. ಸುಹಾಸ್ ಮೆಕ್ಯಾನಿಕ್‌ಗೆ ಕಾರು ತೋರಿಸಿದರು, ಗಾಡಿಗೆ ದೃಷ್ಟಿಯಾಗಿದೆಯೆಂದು ನಿಂಬೆಕಾಯಿಯನ್ನೂ ಕಟ್ಟಿದರು. ಕೊನೆಗೆ ಒಂದು ದಿನ ಕಂಬದ ಹಿಂದೆ ಅವಿತು ನಿಂತರು.

“ಅಹೋ ಸಿದ್ದಲಿಂಗಪ್ಪಾ! ಹೇ ಕಾಯ್?”

ಕೈ ಇನ್ನೂ ಬಾನೆಟ್ಟಿನ ಮೇಲೇ ಇತ್ತು. “ಸೆಕ್ರೆಟರಿ ಸಾಬ್… ವೋ ಕ್ಯಾ ಹೈ… ಖಾರ್ ಹಮಾರಾ ಜ್ವಾರಿ ಖಾತಾ ಹೈ!”

ಅಳಿಲು ಜೋಳ ತಿಂದರೆ ತನ್ನ ಕಾರಿಗೇಕೆ ಏಟು ಎಂದು ಸುಹಾಸ್ ಮರಾಠಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಕೇಳಿದರು. ಸಿದ್ದಲಿಂಗಪ್ಪನವರು ಬಾನೆಟ್ಟಿನ ಮೇಲಿನ ಕೈಯನ್ನು ಮೆಲ್ಲಗೆ ತೆಗೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಇನ್ನೊಮ್ಮೆ ಗಾಡಿ ಮುಟ್ಟಿದರೆ ಹಿತ್ತಲಿಗೆ ಸಿಮೆಂಟ್ ಹಾಕಿಸುತ್ತೇನೆಂಬ ಬೆದರಿಕೆಯೊಂದನ್ನು ತೆಗೆದುಕೊಂಡು ಅವರು ಮನೆಗೆ ಬಂದರು.

ಉಳಿದಿದ್ದದ್ದು ನಾಲ್ಕೇ ತೆನೆ! ಮಲ್ಲಕ್ಕ ಬರಲು ಇನ್ನೂ ವಾರಗಟ್ಟಲೆ ಸಮಯವಿತ್ತು. ಇಂದ್ರಾಬಾಯಿ ಒಂದು ಕಾಳು ಹಿಚುಕಿ ನೋಡಿದರು. ಬೆರಳಿಗೆ ಗಟ್ಟಿ ಹಾಲು ಹತ್ತಿತು.

“ರೀ, ಹದಾ ಬಂದೈತಿ ನೋಡ್ರಿ. ಇವತ್ತ ಸುಟ್ಟ ತಿಂದಬಿಡೂಣು.”

“ಹುಚ್ಚಿ ಇದ್ದೀ ಏನು? ಅಕ್ಕನ ಕೈಲೆ ಉದ್ಘಾಟನಾ ಆಗಬೇಕು! ಅಲ್ಲೀತನಕ ಯಾರೂ ಮುಟ್ಟಂಗಿಲ್ಲ!”

ಮುಟ್ಟದಂತೆ ಮಾಡಲು ಅವರು ಬೆಡ್‌ರೂಮಿನ ಕಿಟಕಿಗಿದ್ದ ಸ್ಟೀಲ್ ಜಾಳಿಗೆಯನ್ನೇ ಕಿತ್ತು ತಂದರು. ತೆನೆಗಳಿಗೆ ಡಬಲ್ ಸುತ್ತು ಸುತ್ತಿ, ಒಳಗೆ ಬಟ್ಟೆ ತುರುಕಿ, ತಂತಿ ಬಿಗಿದರು. ಆ ಕೋಟೆಯೊಳಗೆ ಅಳಿಲಿನ ಹಲ್ಲಷ್ಟೇ ಏಕೆ, ಮನುಷ್ಯರ ಕಣ್ಣೂ ಹೋಗುವಂತಿರಲಿಲ್ಲ. ಆ ರಾತ್ರಿಯಿಂದ ಮಲಾಡಿನ ಸೊಳ್ಳೆಗಳೆಲ್ಲ ಬೆಡ್‌ರೂಮಿಗೆ ವಾಸಕ್ಕೆ ಬಂದವು.

“ಜ್ವಾಳಕ್ಕ ಜಾಳಗಿ, ನಮಗ ಸೊಳ್ಳಿ! ಭಾಳ ಛಲೋ ಸಂಸಾರ!” ಎಂದು ಇಂದ್ರಾಬಾಯಿ ಪಟ್ ಎಂದು ಹೊಡೆದರು. ಏಟು ಬಿದ್ದದ್ದು ಗಂಡನ ಕೆನ್ನೆಗೆ. ಸೊಳ್ಳೆ ಅಲ್ಲೇ ಕೂತಿತ್ತೆಂದು ಆಮೇಲೆ ಹೇಳಿದರು. ಇತ್ತೋ ಇಲ್ಲವೋ ದೇವರೇ ಬಲ್ಲ.

ಮಲ್ಲಕ್ಕ ಅಮಾವಾಸ್ಯೆಯ ಹಿಂದಿನ ದಿನ ಬಂದರು. ಸೊಳ್ಳೆ ಕಚ್ಚಿದ ಮುಖಗಳನ್ನು ನೋಡಿ, “ಎಲ್ಲಾರಿಗೂ ಅಮ್ಮ ಬಂದಾಳೇನೋ ತಮ್ಮಾ?” ಎಂದು ಗಾಬರಿಯಾದರು. ತಮ್ಮ ಎದೆಯುಬ್ಬಿಸಿ ಅವರನ್ನು ಹಿತ್ತಲಿಗೆ ಕರೆದೊಯ್ದು ಜಾಳಿಗೆಯ ಕೋಟೆಯನ್ನು ತೋರಿಸಿದರು. ಅಕ್ಕನ ಕಣ್ಣು ನಿಜವಾಗಿಯೂ ತುಂಬಿ ಬಂತು. “ನನಗಂತ ಇಷ್ಟು ಮಾಡೀಯಲ್ಲೋ!” ಎಂದರು. ಕಾಲುಚೀಲ, ಕವಣೆ, ಕೆನ್ನೆಯೇಟು ಎಲ್ಲ ಸಾರ್ಥಕವಾಯಿತೆಂದು ಸಿದ್ದಲಿಂಗಪ್ಪನವರಿಗೆ ಅನ್ನಿಸಿತು.

ಹಬ್ಬದ ದಿನ ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಎಲ್ಲ ತಯಾರಾದವು. ಐದು ಕಲ್ಲಿಟ್ಟು ಭೂಮಿತಾಯಿಗೆ ಪೂಜೆಯಾಯಿತು. ಇನ್ನು ಚರಗ ಚೆಲ್ಲಬೇಕು. ಅಡುಗೆಯಲ್ಲಿ ಒಂದಿಷ್ಟನ್ನು ಹೊಲದ ಸುತ್ತ ಚೆಲ್ಲಿ, ನೆಲಕ್ಕೂ ಹಕ್ಕಿಪಕ್ಕಿಗೂ ಅವುಗಳ ಪಾಲು ಕೊಡುವ ಪದ್ಧತಿ ಅದು.

“ನಾ ಚೆಲ್ಲಂಗಿಲ್ಲ!” ಎಂದು ಸಿದ್ದಲಿಂಗಪ್ಪನವರು ಸಿಡಿದರು. “ಆ ಇಣಚಿ ತನ್ನ ಪಾಲು ಬಡ್ಡಿ ಸಮೇತ ತಿಂದೈತಿ!”

“ವರ್ಷಕ್ಕೊಮ್ಮಿ ಬರೂ ಹಬ್ಬೋ. ಮುಖಾ ಗಂಟ ಹಾಕ್ಕೊಂಡ ಚೆಲ್ಲಬಾರದು, ನಡಿ” ಎಂದು ಮಲ್ಲಕ್ಕ ತಮ್ಮನ ಕೈಗೆ ಕಡುಬಿನ ತಟ್ಟೆ ಕೊಟ್ಟು, “ಹುಲ್ಲುಲ್ಲಿಗೋ… ಚಲ್ಲಂಬ್ರಿಗೋ…” ಎಂದು ಚರಗದ ಕೂಗನ್ನು ಗಂಟಲು ಬಿಟ್ಟು ಕೂಗಿದರು. ಮೂರನೆಯ ಮಹಡಿಯಿಂದ ಸುಹಾಸ್ ಇಣುಕಿ, ಮೊದಲು ತಮ್ಮ ಕಾರನ್ನು ನೋಡಿಕೊಂಡರು. ಸಿದ್ದಲಿಂಗಪ್ಪನವರು ಶತ್ರುವಿಗೆ ಕಪ್ಪ ಕೊಡುವವರಂತೆ ಒಂದೊಂದೇ ಕಡುಬು ಎಸೆದರು.

ಆಮೇಲೆ ಆ ಮಹಾಕ್ಷಣ! ಕಬ್ಬಿಣದ ಬುಟ್ಟಿಯಲ್ಲಿ ಕುಳ್ಳು ಕೆಂಡವಾಯಿತು. ತಂತಿ ಬಿಚ್ಚಿತು, ಕೋಟೆ ತೆರೆಯಿತು, ನಾಲ್ಕೂ ತೆನೆ ಹೊರಬಂದವು. ಒಂದು ಕಾಳೂ ಕಡಿಮೆಯಾಗಿರಲಿಲ್ಲ! ಕೆಂಡದಲ್ಲಿ ಚಟಚಟ ಸುಟ್ಟು, ಅಂಗೈಯಲ್ಲಿ ಉಜ್ಜಿ ಉಫ್ ಎಂದು ಊದಿ, ಸಿದ್ದಲಿಂಗಪ್ಪನವರು ಅಕ್ಕನ ಕೈಗೆ ಮೊದಲ ಹಿಡಿ ಕೊಟ್ಟರು. ರೂಪಾಲಿ ಮೊಬೈಲಿನಲ್ಲಿ ವಿಡಿಯೋ ಹಿಡಿದಳು.

ಮಲ್ಲಕ್ಕ ಬಾಯಿಗೆ ಹಾಕಿಕೊಂಡರು. ಕಟಂ ಎಂದಿತು.

ಒಂದು ಕೈಯಲ್ಲಿ ದವಡೆ ಹಿಡಿದುಕೊಂಡರು. ಕಾಳನ್ನು ಅಂಗೈಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿದರು.

“ತಮ್ಮಾ, ಇದು ಸೀತನಿ ಅಲ್ಲೋ. ಬಲತ ಜ್ವಾಳ. ಬೀಸಿ ರೊಟ್ಟಿ ಮಾಡಬೇಕು. ಇದರ ಸೀತನಿ ಯಾವಾಗೋ ಆಗಿ ಹೋಗೈತಿ.”

ಇಂದ್ರಾಬಾಯಿ ಗಂಡನ ಮುಖ ನೋಡುತ್ತ ಮೊಣಕೈಯ ಸೊಳ್ಳೆ ಗುಳ್ಳೆಯನ್ನು ನಿಧಾನವಾಗಿ ಕೆರೆದುಕೊಂಡರು. ಬೈದಿದ್ದರೇ ಚೆನ್ನಾಗಿತ್ತು.

ಸಿದ್ದಲಿಂಗಪ್ಪನವರಿಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಗೋಡೆಯ ಮೇಲೆ ಕಿಚ್ ಕಿಚ್ ಸದ್ದಾಯಿತು. ಅಳಿಲು ಎರಡೂ ಕೈಯಲ್ಲಿ ಕಡುಬು ಹಿಡಿದು, ಹಬ್ಬದೂಟಕ್ಕೆ ಕೂತಿತ್ತು!

“ಇದs! ಇದರ ದೆಸಿಂದನ ಎಲ್ಲಾ!” ಎಂದು ಅವರು ಲಾಡಿಗೆ ಕೈ ಹಾಕಿದರು.

ಮಲ್ಲಕ್ಕ ಆ ಕೈ ಹಿಡಿದು ಕೂರಿಸಿದರು. “ಅದನ್ನ ಯಾಕ ಬೈತೀ? ಹಾಲ ತುಂಬಿದ ದಿನಾನ ಬಂತು, ಹದಾ ಇರೂತನಕ ತಿಂತು. ನೀ ಜಾಳಗಿ ಕಟ್ಟಿ ಕಾಯ್ಕೋತ ಕುಂತಿ. ನಿಮ್ಮಿಬ್ಬರಾಗ ರೈತ ಯಾರು, ನೀನs ಹೇಳು.”

ಮಲ್ಲಕ್ಕ ಒಂದು ಬೆಲ್ಲದ ಚೂರನ್ನು ತಮ್ಮನ ಬಾಯಿಗೆ ಹಾಕಿ, ಗೋಡೆಯ ಕಡೆ ಕೈ ತೋರಿಸಿದರು.

“ಬರೂ ವರ್ಷ ಸೀತನಿಗೆ ನನ್ನ ಕರಿಯೂದಿದ್ರ, ಯಾವಾಗ ಬರಬೇಕಂತ ಮೊದಲ ಅದನ್ನ ಕೇಳು. ಆಮ್ಯಾಲ ಫೋನ್ ಮಾಡು!”